ಹೆದರಿ ಓದುವವನ ಅಭಿಪ್ರಾಯಗಳು

ಪುಸ್ತಕಗಳನ್ನು ಜನ ನಾನಾ ಕಾರಣಕ್ಕೆ ಓದುತ್ತಾರೆ. ಕೆಲವರಿಗೆ ಜ್ಞಾನ ಬೇಕು, ಕೆಲವರಿಗೆ ನಿದ್ದೆ ಬೇಕು. ನಾನು ಓದುವುದು ಭಯಕ್ಕೆ. ನನ್ನ ಹೆಂಡತಿ ಸರೋಜಾ ಸ್ಟೇಷನ್ ರಸ್ತೆಯ ಬಾಡಿಗೆ ಲೈಬ್ರರಿಯಿಂದ ಪುಸ್ತಕ ತರುತ್ತಾಳೆ. ಅದನ್ನು ಅವಳು ಓದಿ ಮುಗಿಸಿದ ಮೇಲೆ ನನ್ನ ತಲೆಯ ಮೇಲೆ ಏನು ಬಂದು ಬೀಳಲಿದೆ ಎಂಬುದು ಮೊದಲೇ ಗೊತ್ತಿದ್ದರೆ ಒಳ್ಳೆಯದಲ್ಲವೇ? ಹಾಗಾಗಿ ಅವಳು ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿರುವವರೆಗೆ ನಾನು ಹೊರಗೆ ಕೂತು ಗಬಗಬನೆ ಓದುತ್ತೇನೆ. ಸಪ್ಪಳ ನಿಂತರೆ ಪುಸ್ತಕ ಮುಚ್ಚುತ್ತೇನೆ. ಹೀಗೆ ಓದೀ ಓದೀ, ಈಚಿನ ಪ್ರೇಮ ಕಾದಂಬರಿಗಳು ಮತ್ತು ಗೃಹಕಲೆಯ ಪುಸ್ತಕಗಳ ಬಗ್ಗೆ ನನ್ನಷ್ಟು ಖಚಿತವಾದ ಅಭಿಪ್ರಾಯ ಇರುವ ಗಂಡಸು ರಾಯಚೂರು ಶಹರದಲ್ಲಿ ಇನ್ನೊಬ್ಬನಿರಲಾರ. ಯಾರೂ ನನ್ನನ್ನು ಕೇಳಿಲ್ಲ, ಅದು ಬೇರೆ ಮಾತು.

ಮೊದಲು ಪ್ರೇಮ ಕಾದಂಬರಿ. ಅದರ ನಾಯಕ ಆರಡಿ ಎತ್ತರ, ಕಾರು ಇಟ್ಟವನು, ಯಾವ ಕೆಲಸ ಮಾಡುತ್ತಾನೆ ಎಂಬುದು ಕೊನೆಯವರೆಗೂ ತಿಳಿಯುವುದಿಲ್ಲ. ನಾನು ಹತ್ತಿ ಜಿನ್ನಿನ ಆಫೀಸಿನಲ್ಲಿ ಗುಮಾಸ್ತ, ಸಂಜೆ ಮನೆಗೆ ಬಂದರೆ ಕಿವಿಯಲ್ಲೂ ಅರಳೆ ಇರುತ್ತದೆ. ಅವರೆಲ್ಲ ಪ್ರೀತಿಸುವುದು ಮಂಜು ಬೀಳುವ ಊರುಗಳಲ್ಲಿ. ನಮ್ಮ ಊರಿನ ಬೇಸಿಗೆಯಲ್ಲಿ ಒಬ್ಬರ ಕೈಯನ್ನು ಒಬ್ಬರು ಹಿಡಿದುಕೊಂಡು ನಿಂತರೆ ಪ್ರೇಮ ಉಕ್ಕುವ ಮೊದಲೇ ಬೆವರು ಉಕ್ಕುತ್ತದೆ, ಕೈ ಜಾರುತ್ತದೆ. ಇದನ್ನೆಲ್ಲ ಬರೆಯುವವರು ಒಮ್ಮೆ ಮೇ ತಿಂಗಳಲ್ಲಿ ಮಟಮಾರಿಯಲ್ಲಿ ಬಸ್ಸಿಗೆ ಕಾಯಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಪುಸ್ತಕ ಮುಗಿದ ದಿನ ಸರೋಜಾ ನನಗೆ ಊಟಕ್ಕೆ ಬಡಿಸಿ, ಪಲ್ಯ ಹಾಕುವುದನ್ನು ಮರೆತು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಂದು ನಿಟ್ಟುಸಿರು ಬಿಡುತ್ತಾಳೆ. ಆ ನಿಟ್ಟುಸಿರಿಗೆ ನಾನು ಪಲ್ಯ ಕೇಳದೆಯೇ ಊಟ ಮುಗಿಸುತ್ತೇನೆ. ಅದೃಷ್ಟಕ್ಕೆ ಆ ಗುಂಗು ಎರಡು ದಿನದಲ್ಲಿ ಇಳಿಯುತ್ತದೆ.

ಗೃಹಕಲೆಯ ಪುಸ್ತಕ ಹಾಗಲ್ಲ, ಅದರ ಪರಿಣಾಮ ಮನೆಯಲ್ಲೇ ಉಳಿಯುತ್ತದೆ. ಫ್ಯೂಸ್ ಹೋದ ಬಲ್ಬು ನಮ್ಮ ಮನೆಯಲ್ಲಿ ಕೋತಿಯಾಗಿದೆ, ಒಡೆದ ಬಳೆ ಬಾಗಿಲಿನ ತೋರಣವಾಗಿದೆ, ಇಂಜೆಕ್ಷನ್ ಬಾಟಲಿಗಳು ಪರದೆಯಾಗಿ ಗಾಳಿ ಬಿಟ್ಟಾಗಲೆಲ್ಲ ಹಲ್ಲು ಕಡಿಯುತ್ತವೆ. ಈ ಪುಸ್ತಕಗಳೆಲ್ಲ ‘ಮನೆಯಲ್ಲಿ ಬಿಸಾಡುವ ವಸ್ತುಗಳನ್ನು ತೆಗೆದುಕೊಳ್ಳಿ’ ಎಂದೇ ಶುರುವಾಗುತ್ತವೆ. ಇದನ್ನು ಬರೆದವರು ನಮ್ಮ ಕಡೆಯ ಮನೆ ನೋಡಿದವರಲ್ಲ. ನಮ್ಮಲ್ಲಿ ಬಿಸಾಡುವ ವಸ್ತು ಎಂಬುದು ಇಲ್ಲವೇ ಇಲ್ಲ. ಹರಿದ ಧೋತರ ಅರಿವೆಯಾಗುತ್ತದೆ, ಅರಿವೆ ಬತ್ತಿಯಾಗುತ್ತದೆ. ಹಾಗಾಗಿ ಕಲೆ ಕಲಿಯಬೇಕೆಂದರೆ ಒಳ್ಳೆಯದನ್ನೇ ಮೊದಲು ಬಿಸಾಡುವ ಪಟ್ಟಿಗೆ ಸೇರಿಸಬೇಕು. ‘ನಿರುಪಯುಕ್ತ ವಸ್ತುಗಳು’ ಎಂಬ ಅಧ್ಯಾಯವನ್ನು ಅವಳು ಓದುತ್ತಾ ನಡುವೆ ತಲೆಯೆತ್ತಿ ನನ್ನನ್ನು ನೋಡಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ಹೋದ ವರ್ಷ ಅವಳು ತಂದ ಪುಸ್ತಕದಲ್ಲಿ ಬಣ್ಣದ ಬಟ್ಟೆಯ ತುಣುಕುಗಳನ್ನು ಜೋಡಿಸಿ ಮಂಚದ ಹೊದಿಕೆ ಹೊಲಿಯುವ ಪಾಠವಿತ್ತು. ಅದಕ್ಕೊಂದು ದೊಡ್ಡ ಇಂಗ್ಲಿಷ್ ಹೆಸರು. ನೋಡಿದರೆ ನಮ್ಮ ಮುದುಕಿಯರು ಹಳೇ ಸೀರೆಯಿಂದ ಹೊಲಿಯುತ್ತಿದ್ದ ಕೌದಿಯೇ. ಪುಸ್ತಕದವರು ಹಳೇ ಸೀರೆ ಬಿಟ್ಟು ಹೊಸ ಬಟ್ಟೆ ಎಂದಿದ್ದರು, ಅಷ್ಟೇ. ನಾನು ಮುಂಜಾಗ್ರತೆಯಾಗಿ ನನ್ನ ಎರಡು ಒಳ್ಳೆಯ ಅಂಗಿ ಮತ್ತು ಲಗ್ನದ ಧೋತರವನ್ನು ಆಫೀಸಿನ ಕಪಾಟಿನಲ್ಲಿ ಇಟ್ಟು ಬೀಗ ಹಾಕಿ ನಿಶ್ಚಿಂತನಾದೆ. ಅಪಾಯ ಇನ್ನೊಂದು ಕಡೆಯಿಂದ ಬಂತು. ಸರೋಜಾ ಟ್ರಂಕು ತೆಗೆದು ಅದರಲ್ಲಿದ್ದ ಕುಬಸದ ಖಣಗಳನ್ನೆಲ್ಲ, ಅಂದರೆ ಇನ್ನೂ ಹೊಲಿಸದ ರವಿಕೆ ಬಟ್ಟೆಗಳನ್ನೆಲ್ಲ, ಕತ್ತರಿಸಿಬಿಟ್ಟಳು.

ಖಣದ ಕಾನೂನು ನಮ್ಮ ಕಡೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೊಟ್ಟಿಲಿಗೆ, ಲಗ್ನಕ್ಕೆ, ಸುಮ್ಮನೆ ಮನೆಗೆ ಬಂದದ್ದಕ್ಕೆ ಉಡಿ ತುಂಬಿ ಒಂದು ಖಣ ಕೊಡುತ್ತಾರೆ. ಇಸಿದುಕೊಂಡವಳು ಅದನ್ನು ಹೊಲಿಸಿ ತೊಡಬೇಕು, ಇಲ್ಲವೇ ಸದ್ದಿಲ್ಲದೆ ಮುಂದಿನವಳ ಉಡಿಗೆ ಹಾಕಬೇಕು. ದೇವದುರ್ಗದಲ್ಲಿ ಬಸ್ಸು ಹತ್ತಿದ ಖಣ ರಾಯಚೂರಿನಲ್ಲಿ ಇಳಿದು, ಟ್ರಂಕಿನಲ್ಲಿ ಒಂದು ವರ್ಷ ಮಲಗೆದ್ದು ಮಾನ್ವಿಗೆ ಹೋಗುತ್ತದೆ. ಹೀಗೆ ಎಲ್ಲರೂ ಮಾಡುತ್ತಾರೆ, ಹೀಗೆ ಮಾಡುತ್ತೇವೆಂದು ಯಾರೂ ಹೇಳುವುದಿಲ್ಲ. ಕೊಟ್ಟವಳ ಕಣ್ಣಿಗೆ ಮಾತ್ರ ಅದು ಬೀಳಬಾರದು. ಅಂಥ ಖಣಗಳೆಲ್ಲ ಈಗ ಚೂರು ಚೂರಾಗಿ ನಮ್ಮ ಪಡಸಾಲೆಯ ಮಂಚದ ಮೇಲೆ ಬಟಾಬಯಲಾಗಿ ಹರಡಿದ್ದವು. ಅಂಚು ಹೊಲಿದುಕೊಟ್ಟ ಪಕ್ಕದ ಮನೆಯ ಖೈರೂನ್ ಖಾಲಾ, “ಅಣ್ಣಾರ, ಇದರಾಗ ನಿಮ್ಮ ಪೂರಾ ಖಾಂದಾನ ಅದರಿ,” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಯಾಕೆಂದರೆ ಕೌದಿಯ ಒಂದು ತುದಿಯಲ್ಲಿ ಒಂದು ಹಸಿರು ಗಿಣಿ ಇತ್ತು. ಆ ಹಸಿರು, ನಮ್ಮ ಮಗನ ತೊಟ್ಟಿಲ ದಿನ ದೇವದುರ್ಗದ ನನ್ನ ಅಕ್ಕ ಸರೋಜಾಳ ಉಡಿಗೆ ಹಾಕಿದ್ದ ಖಣ. ಅವ್ವ ತೀರಿಕೊಂಡಾಗ ನಾನಿನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬಾರದವನು. ಅಕ್ಕ ನನ್ನನ್ನು ಸಾಕಿದಳು, ತನ್ನ ಲಗ್ನವಾದ ಮೇಲೂ ಗಂಡನ ಮನೆಗೆ ಕರೆದುಕೊಂಡು ಹೋಗಿ ಓದಿಸಿದಳು. ಅವಳಿಗೆ ತವರೆಂದರೆ ನನ್ನ ಮನೆ ಒಂದೇ, ನನಗೆ ತಾಯಿಯೆಂದರೆ ಅವಳೊಬ್ಬಳೇ. ಅಂಥ ಅಕ್ಕ, ತಾನು ಕೊಟ್ಟ ಖಣ ಎರಡು ವರ್ಷ ಬಿಟ್ಟು ತನ್ನ ಉಡಿಗೇ ತಿರುಗಿ ಬಂತೆಂದು ಮಲ್ಲಟದ ಸೋದರತ್ತೆಯ ಮನೆಯ ನೀರು ಕುಡಿಯುವುದನ್ನೇ ಬಿಟ್ಟವಳು. ಅಲ್ಲಿ ಖಣ ಇಡಿಯಾಗಿಯಾದರೂ ಇತ್ತು, ಇಲ್ಲಿ ಅದಕ್ಕೆ ಕೊಕ್ಕು ಬಂದಿತ್ತು. ನಾಳೆ ಮುಂಜಾನೆಯ ಬಸ್ಸಿಗೆ ಅಕ್ಕ ಬರುತ್ತಾಳೆ ಎಂದು ಸುದ್ದಿ ಬಂದಾಗ ನಾನು ಸೀದಾ ಸರೋಜಾಳ ಹತ್ತಿರ ಹೋದೆ.

“ಈ ಕೌದಿ ಒಂದಿನ ಒಳಗ ಇಡೋಣು,” ಎಂದೆ.

“ಯಾಕ್ರಿ? ಅಕ್ಕಾರಿಗೆ ತೋರಿಸಬೇಕಂತನ ನಿನ್ನಿ ಮುಗಿಸೀನಿ. ಅವರು ಕೊಟ್ಟಿದ್ದ ಗಿಣಿ ಮಾಡೀನಿ ಅಂದ್ರ ಖುಷಿ ಆಕ್ಕಾರ,” ಎಂದಳು ಸರೋಜಾ. ಪುಸ್ತಕ ಓದಿದವರಿಗೆ ಭಯ ಕಡಿಮೆಯಾಗುತ್ತದೆ ಎನ್ನುತ್ತಾರೆ, ಅದು ಹೀಗೆ.

ಮರುದಿನ ಅಕ್ಕ ಬರುವ ಹೊತ್ತಿಗೆ ನಾನು ಗಿಣಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದೆ. ಅಕ್ಕ ಒಳಗೆ ಬಂದಳು. ನಾನು ಏಳಲಿಲ್ಲ, ಕಾಲಿಗೆ ಬೀಳಲಿಲ್ಲ.

“ಯಾಕಲೇ ತಮ್ಮಾ, ಏನಾಗೇದ?” ಎಂದಳು.

“ಸೊಂಟ ಹಿಡದದ ಅಕ್ಕಾ.”

ಸೊಂಟ ಎಂದರೆ ಸಾಕು, ಎಣ್ಣೆ ಕಾಯಿಸಿ ತಂದು ಬೋರಲು ಮಲಗಿಸುವವಳು ಅವಳು. ಅದನ್ನು ನಾನು ಯೋಚಿಸಿರಲೇ ಇಲ್ಲ. ಆದರೆ ಅಕ್ಕ ಎಣ್ಣೆಯ ಮಾತೆತ್ತಲಿಲ್ಲ. ಕೌದಿಯನ್ನು ನೋಡಿದಳು, ಆಮೇಲೆ ಸೀದಾ ಹೋಗಿ ಮಂಚದ ಇನ್ನೊಂದು ತುದಿಯ ಮೂಲೆಯಲ್ಲಿ ಸೆರಗು ಹರಡಿಕೊಂಡು ಕೂತಳು. “ನನಗೂ ಬಸ್ಸಿನ್ಯಾಗ ಕುಂತು ಸೊಂಟ ಹಿಡದದ,” ಎಂದಳು.

ಬಯ್ಯುವ ಅಕ್ಕನನ್ನು ನಾನು ಬಲ್ಲೆ, ಸುಮ್ಮನೆ ಕೂತ ಅಕ್ಕನನ್ನು ಕಂಡದ್ದು ಅದೇ ಮೊದಲು. ಹಸಿರು ಕಂಡುಬಿಟ್ಟಿದ್ದಾಳೆ, ನಾನು ಎದ್ದರೆ ಆಸ್ಫೋಟ ಎಂದುಕೊಂಡು ಇನ್ನಷ್ಟು ಊರಿ ಕೂತೆ. ಊಟದ ಹೊತ್ತಾಯಿತು. ಸರೋಜಾ ಕೆಳಗೆ ತಾಟು ಹಾಕಿದಳು. ನಾನು ಏಳಲಿಲ್ಲ, ಅಕ್ಕನೂ ಏಳಲಿಲ್ಲ.

“ಇಲ್ಲೇ ಕೊಡಬೇ ಸರೋಜಾ,” ಎಂದಳು ಅಕ್ಕ.

“ಹಾಸಿಗಿ ಮ್ಯಾಲ ಉಣಬಾರದು ಅಂತ ನನಗ ಹೇಳಿಕೊಟ್ಟವರ ನೀವಲ್ರಿ ಅಕ್ಕಾರ?”

“ಸೊಂಟ ಹಿಡದವರಿಗೆ ನಡೀತದ.”

ಹೀಗೆ ನಾವಿಬ್ಬರೂ ಮಂಚದ ಎರಡು ತುದಿಗೆ ಕೂತು ತೊಡೆಯ ಮೇಲೆ ತಾಟಿಟ್ಟುಕೊಂಡು ರೊಟ್ಟಿ ತಿಂದೆವು. ನನ್ನ ಕಾಲು ಜೋಮು ಹಿಡಿದು ಗಿಣಿ ನನ್ನದೋ ಕಾಲು ನನ್ನದೋ ತಿಳಿಯದಂತಾಗಿತ್ತು. ಮಧ್ಯಾಹ್ನವೆಲ್ಲ ಅಕ್ಕ ನನ್ನ ಜೊತೆ ಬಹಳ ಮೃದುವಾಗಿ ಮಾತನಾಡಿದಳು. “ಸೊರಗೀಯಲ್ಲೋ,” ಎಂದಳು. “ನನ್ನ ಮ್ಯಾಲ ನಿನಗೇನೂ ಸಿಟ್ಟಿಲ್ಲಲ್ಲ?” ಎಂದೂ ಕೇಳಿದಳು. ಕುರಿಗೆ ನೀರು ಕುಡಿಸಿ ಆಮೇಲೆ ಕಡಿಯುತ್ತಾರೆ ಎಂಬುದು ನೆನಪಾಗಿ ನಾನು “ಇಲ್ಲಕ್ಕಾ, ಇಲ್ಲ,” ಎಂದು ತಲೆಯಾಡಿಸಿದೆ.

ಯಾವಾಗಲೂ ಎರಡು ದಿನ ಇರುವವಳು ಸಂಜೆಯ ಬಸ್ಸಿಗೇ ಹೊರಡುತ್ತೇನೆ ಎಂದಳು. ಮುಗಿಯಿತು, ತವರು ಬಿಟ್ಟಳು ಎಂದುಕೊಂಡೆ. ಟಾಂಗಾ ಕರೆಯಲು ನಾನೇ ಏಳಬೇಕಾಯಿತು. ಎದ್ದು, ಕೈಗೆ ಸಿಕ್ಕ ತಲೆದಿಂಬನ್ನು ಗಿಣಿಯ ಮೇಲೆ ಮುಚ್ಚಿಟ್ಟು ಓಡಿದೆ. ಹಿಂದಿನಿಂದ ಅಕ್ಕ ಕೇಳುತ್ತಿದ್ದಳು: “ಸರೋಜಾ, ಇನ್ನೊಂದು ತಲಿದಿಂಬು ಅದೇನು?”

ಟಾಂಗಾ ತಂದಾಗ ಅಕ್ಕ ಹೊಸ್ತಿಲಲ್ಲಿ ನಿಂತಿದ್ದಳು. ಕೌದಿಯ ಮೇಲೆ ಎರಡು ತಲೆದಿಂಬಿದ್ದವು, ಆ ತುದಿಗೊಂದು, ಈ ತುದಿಗೊಂದು. ಹೋಗುವಾಗ ಅವಳು ನನ್ನ ತಲೆ ಸವರಿ, “ಪಂಚಮಿ ಹಬ್ಬಕ್ಕ ಕರ್ಯಾಕ ಬಾ,” ಎಂದಳು. ನನಗೆ ಹೋದ ಜೀವ ಬಂತು. ಬಸ್ ಹತ್ತಿಸಿ ಮನೆಗೆ ಬಂದು ಸರೋಜಾಳಿಗೆ, ಗಂಡಸರ ಸಮಯಪ್ರಜ್ಞೆಯ ಬಗ್ಗೆ ನಾಲ್ಕು ಮಾತು ಹೇಳಿದೆ.

ಅವಳು ಮೂಲೆಯ ತಲೆದಿಂಬು ಎತ್ತಿದಳು. ಕೆಳಗೆ ನೇರಳೆ ಬಣ್ಣದ ಮೇಲೆ ಹಳದಿ ಚುಕ್ಕೆಯ ಒಂದು ತುಣುಕು. “ಇದು ಯಾರದು ಗುರ್ತು ಸಿಗ್ತೇನ್ರಿ?”

“ಮಾನ್ವಿಯಿಂದ ನಿಮ್ಮವ್ವ ಕೊಟ್ಟಿದ್ದಿರಬೇಕು.”

“ಖರೆ. ನಮ್ಮವ್ವಗ ಯಾರು ಕೊಟ್ರು? ಅಕ್ಕಾರು ನೀರಮಾನ್ವಿ ಎಲ್ಲಮ್ಮನ ಜಾತ್ರಿಗೆ ಬಂದಾಗ ನಮ್ಮವ್ವನ ಮನ್ಯಾಗ ಇಳಿದು ಕೊಟ್ಟು ಹೋಗಿದ್ರು. ಅಕ್ಕಾರಿಗೆ ಯಾರು ಕೊಟ್ರು?”

ನಾನು ಬಗ್ಗಿ ಆ ಚುಕ್ಕೆಗಳನ್ನು ಹತ್ತಿರದಿಂದ ನೋಡಿದೆ.

“ನೀವ. ನಮ್ಮ ಲಗ್ನ ಆದ ವರ್ಷ ಪಂಚಮಿಗೆ. ಅಂಗಡಿಯಾಗಿನ ಖಣ ಎಲ್ಲಾ ಕೆಡವಿಸಿ, ಈ ಬಣ್ಣ ನಮ್ಮಕ್ಕಗ ಒಪ್ಪತದ ಅಂತ ಆರಿಸಿ ತಂದ್ರಿ. ನಾ ಬಾಜೂಕ ನಿಂತು ಬ್ಯಾಡ ಅಂದಿದ್ದೆ.”

“ಮತ್ತ ನನಗ ಹೇಳಬಾರದೇನ?”

“ಹೇಳಿದ್ರ ಅಕ್ಕಾರ ಮ್ಯಾಲ ಬ್ಯಾಸರ ಮಾಡ್ಕೋತಿದ್ರಿ. ನಿಮಗ ಹೆಂಗೂ ಗುರ್ತು ಸಿಗಂಗಿಲ್ಲ ಅಂತ ಗೊತ್ತಿತ್ತು.”

ಸುಳ್ಳೇಕೆ, ಮೊದಲು ನೋವಾಯಿತು. ಅಷ್ಟು ಆರಿಸಿ ಕೊಟ್ಟದ್ದನ್ನು ಅಕ್ಕ ತೊಡಲಿಲ್ಲವಲ್ಲ ಎಂದು. ಆದರೆ ಅದನ್ನು ಇಷ್ಟು ದಿನ ಕಣ್ಣೆದುರಿಗೆ ಇಟ್ಟುಕೊಂಡೂ ನನಗೆ ಗುರುತಾಗಲಿಲ್ಲವಲ್ಲ ಎಂದು ಆಮೇಲೆ ಅದಕ್ಕಿಂತ ನೋವಾಯಿತು. ಇವೆರಡೂ ಇಳಿದ ಮೇಲೆ ಇನ್ನೊಂದು ಹೊಳೆಯಿತು. ಹುಟ್ಟಿದಾಗಿನಿಂದ ನನಗೆ ಯಾರೂ ಹೆದರಿದ್ದಿಲ್ಲ. ಆಫೀಸಿನ ಜವಾನ ಹೆದರಿಲ್ಲ, ಹೆಂಡತಿ ಹೆದರಿಲ್ಲ, ಹೆತ್ತ ಮಗನೂ ಹೆದರುವುದಿಲ್ಲ. ಒಬ್ಬಳು ಹೆದರಿದಳು, ಅದೂ ನನ್ನ ಅಕ್ಕ, ಮುಂಜಾನೆಯಿಂದ ಸಂಜೆಯವರೆಗೆ ಊಟಕ್ಕೂ ಏಳದೆ ಹೆದರಿದಳು. ಮೀಸೆ ತಿರುವಿ ನೋಡಿ ಆನಂದಿಸಬೇಕಾಗಿದ್ದ ಆ ಒಂದೇ ಒಂದು ದಿನ, ಅದೇ ಮಂಚದ ಈ ತುದಿಯಲ್ಲಿ, ಗಿಣಿಯ ಮೇಲೆ ಕೂತು ನಾನು ಗಡಗಡ ನಡುಗುತ್ತಿದ್ದೆ.