ಸೋದರಮಾವ ‘ಮೇಬಿ’ ಎಂದಾಗ

“ನಿಮ್ಮಣ್ಣನನ್ನ ಒಪ್ಪಿಸೋ ಕೆಲಸ ನನಗೆ ಬಿಡು. ಸಂಜೆ ಒಳಗೆ ಮುಗಿಸ್ಕೊಂಡು ಬರ್ತೀನಿ” ಎಂದು ಆ ಮಂಗಳವಾರ ಬೆಳಿಗ್ಗೆ ಹೆಂಡತಿ ವಿಜಯಾಗೆ ಹೇಳಿದಾಗ ನನ್ನ ದನಿಯಲ್ಲಿ ಎಂಥ ಗಾಂಭೀರ್ಯವಿತ್ತೆಂದರೆ, ಒಂದು ಕ್ಷಣ ನಾನೇ ನಂಬಿಬಿಟ್ಟೆ. ಸಂಜೆಯೊಳಗೆ ಮುಗಿದದ್ದೇನೋ ನಿಜ. ಮುಗಿದದ್ದು ನನ್ನ ಮರ್ಯಾದೆ!

ವಿಷಯ ಇಷ್ಟು. ನಮ್ಮ ಮಗಳು ಅನಘಾಳ ಮದುವೆ ಭಾನುವಾರಕ್ಕೆ ನಿಶ್ಚಯವಾಗಿತ್ತು. ಅವಳು ಮದುವೆಯಾಗಲಿರುವುದು ರೇಚಲ್ ಎಂಬ ಹುಡುಗಿಯನ್ನು. ಈ ಸುದ್ದಿಯನ್ನು ಮಗಳು ಮೊದಲು ಹೇಳಿದಾಗ ನಾನು ಬೆರಳು ಮಡಚುತ್ತ ಊಟದ ಲೆಕ್ಕ ಹಾಕತೊಡಗಿದೆ. “ಏನಾದ್ರೂ ಹೇಳಪ್ಪಾ” ಎಂದು ಅವಳು ಕಣ್ಣು ತುಂಬಿಕೊಂಡಳು. “ಆ ಹುಡುಗಿಗೆ ಕಡಲೆಕಾಯಿ ಅಲರ್ಜಿ ಅಂದಿದ್ಯಲ್ಲ, ಚಿತ್ರಾನ್ನಕ್ಕೆ ಏನು ಮಾಡೋದು?” ಎಂದೆ. ನಾನು ಚಿಂತೆಗಳನ್ನು ಅವುಗಳ ತೂಕ ನೋಡಿ ಆರಿಸಿಕೊಳ್ಳುವವನಲ್ಲ. ಯಾವುದು ಮೊದಲು ಬಂತೋ ಅದಕ್ಕೆ ಕುರ್ಚಿ.

ಚಿತ್ರಾನ್ನದ ಸಮಸ್ಯೆ ಗೋಡಂಬಿಯಿಂದ ಬಗೆಹರಿಯಿತು. ಉಳಿದದ್ದು ಶ್ರೀಧರ ಭಾವನ ಸಮಸ್ಯೆ.

ಶ್ರೀಧರ ಭಾವ ವಿಜಯಾಳ ಅಣ್ಣ, ಅಂದರೆ ಅನಘಾಳ ಸೋದರಮಾವ. ಫ್ಲೋರಲ್ ಪಾರ್ಕ್ ಎಂಬ ಊರಿನಲ್ಲಿ ಮನೆ. ನಮ್ಮ ಕಡೆ ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಅನಘಾ ಹುಟ್ಟಿದ್ದು ಬೆಳೆದದ್ದು ಎಲ್ಲ ಮಾರಿಸ್‌ಟೌನಿನಲ್ಲಿ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ. ಆದರೆ ಈ ಒಂದು ವಿಷಯದಲ್ಲಿ ಮಾತ್ರ ಪಕ್ಕಾ ಮೈಸೂರಿನವಳು. “ಮಾವ ಕರ್ಕೊಂಡು ಬರ್ಬೇಕು. ಇಲ್ಲಾಂದ್ರೆ ಐ ವಿಲ್ ವಾಕ್ ಅಲೋನ್. ಬೇರೆ ಯಾರೂ ಬೇಡ” ಎಂದುಬಿಟ್ಟಿದ್ದಳು.

ಆ ಮಾವನಾದರೋ ನಾವು ಬಂದು ನೆಲೆಸಿರುವ ಈ ದೇಶದ ಎರಡು ದೊಡ್ಡ ಪಕ್ಷಗಳಲ್ಲಿ ಒಂದರ ಪ್ರತಿನಿಧಿ! ಯಾವುದು ಎಂದು ಹೇಳಿದರೆ ಓದುಗರಲ್ಲಿ ಅರ್ಧ ಜನ ಇಲ್ಲಿಗೇ ಎದ್ದು ಹೋಗುತ್ತಾರೆ. ಹೇಳುವುದಿಲ್ಲ. ಆ ಪಕ್ಷದ ಮಹಾಸಮಾವೇಶ ಆ ವಾರವೇ ಮ್ಯಾನ್‌ಹಟನ್ನಿನಲ್ಲಿ. ಮದುವೆ ಎಂದರೆ ಒಂದು ಗಂಡು ಮತ್ತು ಒಂದು ಹೆಣ್ಣಿನ ನಡುವಿನದು ಎಂಬ ಸಾಲು ಪ್ರಣಾಳಿಕೆಯಲ್ಲಿ ಇರಬೇಕೇ, ತೆಗೆಯಬೇಕೇ ಎಂದು ಒಳಗೆ ಜಗಳ. ಅದೇ ವಿಷಯಕ್ಕೆ ಹೊರಗೆ ಪ್ರತಿಭಟನೆ. ಟೀವಿಯಲ್ಲಿ ಬೇರೆ ಸುದ್ದಿಯೇ ಇಲ್ಲ.

ಇತ್ತ ನಾವು ಎಲ್ಲರಿಗೂ ಫೋನಿನಲ್ಲೇ ಆಮಂತ್ರಣ ಕಳಿಸಿದ್ದೆವು. ತೆರೆದರೆ ಹೂವು ಅರಳಿ, ಓಲಗ ಕೇಳಿಸಿ, ಕೆಳಗೆ ಮೂರು ಗುಂಡಿಗಳು ಬರುತ್ತಿದ್ದವು: ಯೆಸ್, ನೋ, ಮೇಬಿ. ಯಾರು ಏನು ಒತ್ತಿದರು ಎಂಬ ಪಟ್ಟಿ ಕರೆ ಹೋದವರಿಗೆಲ್ಲ ಕಾಣುತ್ತಿತ್ತು; ನಾನಂತೂ ಅದನ್ನು ಊಟ ತಿಂಡಿಯ ನಡುವೆಯೂ ನೋಡುತ್ತಿದ್ದೆ. ವೆಸ್ಟ್ ವಿಂಡ್ಸರಿನ ಸ್ನೇಹಿತರೆಲ್ಲ ಯೆಸ್. ಕೆಲವರು ನೋ, ಅದಕ್ಕೆ ಸೊಂಟನೋವಿನ ಕಾರಣ. ಒಂದೇ ವಾರ ಅಷ್ಟೊಂದು ಸೊಂಟ ಹಿಡಿದುಕೊಂಡದ್ದು ವೈದ್ಯಲೋಕದ ವಿಸ್ಮಯ. ಶ್ರೀಧರ ಭಾವ ಒತ್ತಿದ್ದು ಮಾತ್ರ ಮೇಬಿ!

“ಅಣ್ಣ ಯಾಕೆ ಹೀಗೆ ಮಾಡಿದ?” ಎಂದು ವಿಜಯಾ ಮುಖ ಸಣ್ಣ ಮಾಡಿದಳು.

“ರಾಜಕೀಯ ಕಣೇ! ಪಕ್ಷ ಏನು ತೀರ್ಮಾನ ಮಾಡತ್ತೋ ಅಂತ ಕಾಯ್ತಿದಾರೆ. ಇವತ್ತೇ ಮತ ಹಾಕ್ತಾರೆ. ಅಲ್ಲಿ ಎಲ್ಲರ ಮುಂದೆ ಕೈ ಎತ್ತಿದ ಮೇಲೆ ಭಾನುವಾರ ಇಲ್ಲಿಗೆ ಯಾವ ಮುಖ ಇಟ್ಕೊಂಡು ಬರ್ತಾರೆ? ಅದಕ್ಕೆ ಮುಂಚೆನೇ ಹಿಡೀಬೇಕು.”

“ಏನೂ ಬೇಡ ರೀ. ಸಮಾವೇಶ ಮುಗೀಲಿ. ಇಬ್ಬರೂ ಮನೆಗೆ ಹೋಗಿ ಕುಂಕುಮ ಇಟ್ಟು, ಅಕ್ಷತೆ ಕೊಟ್ಟು ಕರೆದು ಬರೋಣ.”

“ಇದು ಕುಂಕುಮದಿಂದ ಬಗೆಹರಿಯೋ ವಿಷಯ ಅಲ್ಲ ವಿಜಯಾ. ಇದು ಸಿದ್ಧಾಂತದ ಪ್ರಶ್ನೆ!”

ಸಿದ್ಧಾಂತಕ್ಕೆ ಸಿದ್ಧಾಂತದಿಂದಲೇ ಉತ್ತರಿಸಬೇಕೆಂದು ಹಲವು ದಿನಗಳಿಂದ ಎರಡೂ ಕಡೆಯ ವಾದಗಳನ್ನು ಓದಿ ಬಾಯಿಪಾಠ ಮಾಡಿದ್ದೆ. ಆದರೂ, ಎಲ್ಲದಕ್ಕೂ ಇರಲಿ ಎಂದು ಕುಂಕುಮದ ಭರಣಿ, ಅಕ್ಷತೆ, ವೀಳ್ಯದೆಲೆ, ಜುಟ್ಟಿರುವ ತೆಂಗಿನಕಾಯಿ ಎಲ್ಲವನ್ನೂ ಲ್ಯಾಪ್‌ಟಾಪ್ ಚೀಲಕ್ಕೆ ತುಂಬಿಕೊಂಡೆ. ಕರೆಯುವ ಕೆಲಸಕ್ಕೆ ಪ್ಯಾಂಟು ಶರ್ಟು ಒಪ್ಪುವುದಿಲ್ಲವೆಂದು ರೇಷ್ಮೆ ಜುಬ್ಬಾ ತೊಟ್ಟು, ಹೆಗಲಿಗೆ ಜರಿ ಶಲ್ಯ ಹೊದ್ದು, ಹಣೆಗೆ ಉದ್ದಕ್ಕೆ ಕುಂಕುಮ ಎಳೆದು ರೈಲು ಹತ್ತಿದೆ. ಎದುರಿಗೆ ಕುಳಿತಿದ್ದ ಅಜ್ಜಿ ನನಗೆ ಕೈಮುಗಿದಳು. ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಸಭಾಂಗಣದ ಬೀದಿಯಲ್ಲಿ ಕಬ್ಬಿಣದ ಬೇಲಿ ಹಾಕಿ ಜನರನ್ನು ಎರಡು ದೊಡ್ಡಿಗಳಾಗಿ ಮಾಡಿದ್ದರು. ಒಂದು ಕಡೆ, ಆ ಸಾಲು ತೆಗೆಯಿರಿ ಎನ್ನುವವರ ಕಾಮನಬಿಲ್ಲಿನ ಬಾವುಟಗಳು. ಇನ್ನೊಂದು ಕಡೆ ಗಂಡು ಹೆಣ್ಣಿನ ಚಿತ್ರದ ಫಲಕಗಳು. ನಡುವೆ ಪೊಲೀಸರು. ನಾನು ದಾರಿ ಹುಡುಕುತ್ತಿದ್ದಾಗ ಫಲಕದ ಕಡೆಯ ದಪ್ಪನೆಯ ಹೆಂಗಸೊಬ್ಬಳು ಬೇಲಿಯ ಸಂದಿಯಿಂದ ನನ್ನ ಕೈ ಹಿಡಿದು ಒಳಕ್ಕೆ ಎಳೆದುಕೊಂಡಳು.

“ಗುರುಗಳು ಬಂದ್ರು! ದಾರಿ ಬಿಡಿ! ಎಲ್ಲ ಧರ್ಮದವರೂ ನಮ್ಮ ಜೊತೆ ಇದಾರೆ!”

“ಅಮ್ಮಾ, ನಾನು ಗುರು ಅಲ್ಲ, ಎಂಜಿನಿಯರು” ಎಂದೆ. ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಅಷ್ಟರಲ್ಲಿ ಧ್ವನಿವರ್ಧಕ ನನ್ನ ಬಾಯಿಗೆ ಬಂದಿತ್ತು.

“ಮದುವೆಗಾಗಿ ಒಂದು ಪ್ರಾರ್ಥನೆ ಹೇಳಿ” ಎಂದಳು.

ಇಲ್ಲ ಎನ್ನಲು ನನಗೆ ಬರುವುದಿಲ್ಲ. ಇದು ನನ್ನ ಹುಟ್ಟುಗುಣ. ಇದೇ ಕಾರಣಕ್ಕೆ ನಮ್ಮ ಮನೆಯಲ್ಲಿ ಮೂರು ವ್ಯಾಕ್ಯೂಮ್ ಕ್ಲೀನರ್‌ಗಳಿವೆ. ಕಣ್ಣು ಮುಚ್ಚಿ ತಾಳಿ ಕಟ್ಟುವಾಗಿನ ಮಂತ್ರ ಶುರುಮಾಡಿದೆ. ಅರ್ಧಕ್ಕೆ ಮರೆತುಹೋಯಿತು. ಸಂಧ್ಯಾವಂದನೆಯ ಹೆಸರುಗಳಿಗೆ ದಾಟಿದೆ. ಅದೂ ಮುಗಿಯಿತು. ಕೊನೆಗೆ ಶಾಲೆಯಲ್ಲಿ ಕಲಿತ ಮಗ್ಗಿಯನ್ನು ಅದೇ ರಾಗದಲ್ಲಿ ಹೇಳಿ ಮುಗಿಸಿದೆ. ಜನ ಗದ್ಗದಿತರಾಗಿ ಆಮೆನ್ ಎಂದರು. ಹೆಂಗಸು ಕಣ್ಣೊರೆಸಿಕೊಂಡಳು.

“ಎಷ್ಟು ಪುರಾತನವಾದ ಮಾತುಗಳು! ನಿಮಗೆ ಮಕ್ಕಳಿದಾರಾ ಗುರುಗಳೇ?”

“ಒಬ್ಬಳೇ ಮಗಳು. ಈ ಭಾನುವಾರ ಮದುವೆ.”

“ಭಗವಂತ ಒಳ್ಳೇದು ಮಾಡ್ಲಿ! ಅದೃಷ್ಟವಂತ ಹುಡುಗನ ಹೆಸರೇನು?”

“ರೇಚಲ್.”

ಹೆಂಗಸು ನನ್ನಿಂದ ಎರಡು ಹೆಜ್ಜೆ ಹಿಂದೆ ಸರಿದಳು.

ಧ್ವನಿವರ್ಧಕ ನನ್ನ ಕೈಯಿಂದ ಮಾಯವಾಯಿತು. ಅದು ಆನ್ ಆಗಿಯೇ ಇದ್ದುದರಿಂದ ನನ್ನ ಉತ್ತರ ಆಚೆಯ ದೊಡ್ಡಿಗೂ ಕೇಳಿಸಿತ್ತು. ಅಲ್ಲಿ ಹೋ ಎಂದು ಕೂಗೆದ್ದಿತು! ಯಾರು ನೂಕಿದರೋ, ಯಾರು ಎಳೆದರೋ, ಕಣ್ಣು ಬಿಡುವಷ್ಟರಲ್ಲಿ ನಾನು ಕಾಮನಬಿಲ್ಲಿನ ಕೆಳಗಿದ್ದೆ. ಕೊರಳಿಗೆ ಬಣ್ಣದ ಕಾಗದದ ಹಾರ. ಕೈಯಲ್ಲಿ ಬಣ್ಣದ ಛತ್ರಿ. “ಸೂಪರ್ ಡ್ಯಾಡ್! ಸೂಪರ್ ಡ್ಯಾಡ್!” ಎಂಬ ಘೋಷಣೆ. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಖುಷಿಯೇ ಆಯಿತು. ಮನೆಯಲ್ಲಿ ಯಾರೂ ಹಾಗೆ ಕರೆದದ್ದಿಲ್ಲ.

ಕ್ಯಾಮೆರಾದವರು ಬಂದರು. “ಒಳಗೆ ಕೂತಿರೋ ಪಕ್ಷಕ್ಕೆ ಏನು ಹೇಳ್ತೀರಿ?” ಎಂದು ಮೈಕು ಹಿಡಿದರು.

ಇಲ್ಲಿ ಬೈದರೆ ಒಳಗಿರುವ ಭಾವ ನೋಡಿಬಿಟ್ಟರೆ? ಚಿಂತೆಗೆ ಕುರ್ಚಿ ಸಿಕ್ಕಿತು. “ಆ ಪಕ್ಷದಲ್ಲಿ ಒಬ್ಬರು ತುಂಬಾ ಒಳ್ಳೆಯವರಿದ್ದಾರೆ. ಅವರಿಗೆ ಒಂದು ತೆಂಗಿನಕಾಯಿ ಕೊಡಬೇಕು, ಅಷ್ಟೇ” ಎಂದೆ.

ಕಾಮನಬಿಲ್ಲಿನವರು ಬೂ ಎಂದು ಕೂಗಿ ಮೂದಲಿಸಿದರು. ಆಚೆಯವರು ರೇಚಲ್‌ಳ ವಿಷಯಕ್ಕೆ ಆಗಲೇ ಬೂ ಎನ್ನುತ್ತಿದ್ದರು. ಎರಡೂ ಬೂಗಳು ನನ್ನ ತಲೆಯ ಮೇಲೆ ಸಂಧಿಸಿದವು.

ತಲೆ ತಗ್ಗಿಸಿಕೊಂಡು ಗೇಟಿನ ಹತ್ತಿರ ಓಡಿದೆ. ಅಲ್ಲಿದ್ದ ಪೊಲೀಸ್ ಅಧಿಕಾರಿ ಚೀಲ ತೆಗೆಸಿದ.

“ಇದೇನು?”

“ತೆಂಗಿನಕಾಯಿ ಸರ್. ಹೆಂಡತಿಯ ಅಣ್ಣನನ್ನು ಮದುವೆಗೆ ಕರೆಯೋದಕ್ಕೆ.”

“ಅವರಿಗೆ ಹೊಡೀತೀರಾ?”

“ಛೆ ಛೆ! ಗೌರವ ಸರ್, ಗೌರವ!”

“ಎಸೆಯಬಹುದಾದ ಗಟ್ಟಿ ವಸ್ತು ಒಳಗೆ ಬಿಡೋ ಹಾಗಿಲ್ಲ. ಆ ಡಬ್ಬಕ್ಕೆ ಹಾಕಿ.”

ಮಗಳ ಮದುವೆಯ ಕಾಯನ್ನು ಕಸದ ಡಬ್ಬಕ್ಕೆ! “ತಿನ್ನೋ ಪದಾರ್ಥ ಬಿಡ್ತೀರಾ?” ಎಂದೆ. “ಬಿಡ್ತೀವಿ” ಎಂದ. ನನ್ನ ತಲೆಯಲ್ಲಿ ದೀಪ ಹೊತ್ತಿಕೊಂಡಿತು. ಇಡೀ ಕಾಯಿ ಆಯುಧವಾದರೆ ಒಡೆದ ಕಾಯಿ ಆಹಾರ ತಾನೇ? ಕಾಯನ್ನು ಎರಡೂ ಕೈಯಲ್ಲಿ ಎತ್ತಿ ಬೇಲಿಯ ಬುಡದ ಕಾಂಕ್ರೀಟಿಗೆ ಅಪ್ಪಳಿಸಿದೆ.

ಢಂ!

ಸಮಾವೇಶದ ಬಾಗಿಲಲ್ಲಿ ಆ ಸದ್ದು ಕೇಳಿಸಬಾರದಿತ್ತು. ಗುಂಡು ಹಾರಿತೆಂದು ಜನ ನೆಲಕ್ಕೆ ಬಿದ್ದರು. ಎರಡು ದೊಡ್ಡಿಗಳೂ ಜೀವನದಲ್ಲಿ ಮೊದಲ ಬಾರಿಗೆ ಒಂದೇ ದಿಕ್ಕಿಗೆ ಓಡಿದವು. ನನ್ನ ಮೇಲೆ ಎಷ್ಟು ಪೊಲೀಸರು ಕುಳಿತಿದ್ದರೆಂದು ಕೆಳಗಿದ್ದ ನನಗೆ ಗೊತ್ತಾಗಲಿಲ್ಲ. ಕಾಯಿಯ ನೀರು ಅಧಿಕಾರಿಯ ಬೂಟಿನಿಂದ ತೊಟ್ಟಿಕ್ಕುತ್ತಿತ್ತು. ಅಕ್ಷತೆ ರಸ್ತೆಪಾಲಾಗಿತ್ತು. ಕುಂಕುಮದ ಭರಣಿಯನ್ನು ಕೈಗವಸು ಹಾಕಿಕೊಂಡವನೊಬ್ಬ ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿ ದೂರ ಹಿಡಿದುಕೊಂಡಿದ್ದ.

“ಒಳಗೆ ನಮ್ಮ ಭಾವ ಇದಾರೆ” ಎಂದು ರಸ್ತೆಗೆ ಒತ್ತಿಕೊಂಡಿದ್ದ ಬಾಯಿಂದಲೇ ಹೆಸರು ಹೇಳಿದೆ.

ಭಾವ ಬಂದರು. ತಲೆಗೆ ದೊಡ್ಡ ಹ್ಯಾಟು, ಎದೆಯ ತುಂಬ ಪಕ್ಷದ ಬಿಲ್ಲೆಗಳು. ಬೇಲಿಗೆ ಒರಗಿಸಿ ಕೂರಿಸಿದ್ದ ನನ್ನನ್ನು, ನನ್ನ ಕೊರಳಿನ ಕಾಗದದ ಹಾರವನ್ನು, ಕೈಯಲ್ಲಿದ್ದ ಎರಡು ಹೋಳುಗಳನ್ನು ನೋಡಿದರು. ಪೊಲೀಸರೊಡನೆ ಬಹಳ ಹೊತ್ತು ಮಾತಾಡಿದರು. ನಮ್ಮ ಸಂಸ್ಕೃತಿಯ ಬಗ್ಗೆ ಏನೇನೋ ಹೇಳಿ, ಕೊನೆಗೆ ನನ್ನ ತಲೆಯ ಕಡೆ ಬೆರಳು ತೋರಿಸಿ ಏನೋ ಪಿಸುಗುಟ್ಟಿದರು. ಪೊಲೀಸರು ಕನಿಕರದಿಂದ ನನ್ನನ್ನು ಬಿಟ್ಟರು.

ಸಮಯ ಬಂದಿತ್ತು. ಎದ್ದು ನಿಂತು ಶುರುಮಾಡಿದೆ. “ಭಾವ, ವಿವಾಹ ಎಂಬ ಸಂಸ್ಥೆಯ ಉಗಮವನ್ನು ಅವಲೋಕಿಸಿದರೆ—”

“ಸತೀಶ್, ಒಂದ್ನಿಮಿಷ. ನೀವು ಯಾವ ಮದುವೆ ವಿಷಯ ಮಾತಾಡ್ತಿದೀರಿ?”

“ಅನಘಾದು ಭಾವ! ನಿಮ್ಮ ಪಕ್ಷದ ತತ್ತ್ವಕ್ಕೂ ನಮ್ಮ—”

“ಆ ಮದುವೆಗೆ ನನ್ನ ಯಾರು ಕರೆದಿದಾರೆ?”

“ಫೋನಿಗೆ ಕಳಿಸಿದ್ವಲ್ಲ! ನೀವು ಮೇಬಿ ಒತ್ತಿದ್ರಿ.”

“ಹೌದು ರೀ, ಒತ್ತಿದೆ! ಸೋದರಮಾವನಿಗೆ ಗುಂಡಿ ಕಳಿಸ್ತೀರಾ? ಬರ್ತೀಯೋ ಬರಲ್ವೋ ಅಂತ ಕೇಳ್ತೀರಾ? ನಿಮ್ಮ ಆಫೀಸಿನವರಿಗೂ ಅದೇ, ನನಗೂ ಅದೇ! ನಾನೇನು ಊಟಕ್ಕೆ ಬರೋ ನೆಂಟನಾ?” ಭಾವ ಹ್ಯಾಟು ತೆಗೆದರು. “ಇದೆಲ್ಲ ನನಗೆ ಪೂರ್ತಿ ಅರ್ಥ ಆಗಿದೆ ಅಂತ ಹೇಳಲ್ಲ. ಒಳಗೆ ಬೆಳಿಗ್ಗೆಯಿಂದ ಅದೇ ಜಗಳ, ತಲೆ ಕೆಟ್ಟುಹೋಗಿದೆ. ಮತ ಏನು ಹಾಕ್ತೀನೋ ಅದು ನನ್ನ ತಲೆನೋವು. ಆದ್ರೆ ಆ ಮಗು ಮಂಟಪಕ್ಕೆ ಒಬ್ಬಳೇ ನಡ್ಕೊಂಡು ಬರ್ಬೇಕಾ? ನಾನು ಬದುಕಿರೋವಾಗ?”

ಬಾಯಿಪಾಠ ಮಾಡಿದ್ದ ಎರಡೂ ಕಡೆಯ ವಾದಗಳು ನನ್ನ ಬಾಯಲ್ಲೇ ಕರಗಿಹೋದವು. ಕೈಯಲ್ಲಿದ್ದುದನ್ನು ಮುಂದೆ ಚಾಚಿದೆ. “ಹಾಗಾದ್ರೆ ಈಗಲೇ ಕರೀತೀನಿ ಭಾವ. ಖಂಡಿತ ಬರ್ಬೇಕು.”

ಭಾವ ಹೋಳುಗಳನ್ನು ನೋಡಿದರು. “ಒಡೆದ ಕಾಯಿ ಕೊಟ್ಟು ಕರೀತೀರೇನ್ರೀ? ವಿಜಯಾ ಎಲ್ಲಿ?”

“ಮನೇಲಿ.”

“ಸಮಾವೇಶ ಮುಗಿದ ಮೇಲೆ ಇಬ್ಬರೂ ಮನೆಗೆ ಬನ್ನಿ. ಇಡೀ ಕಾಯಿ ತನ್ನಿ.”

ಅಂದರೆ ವಿಜಯಾ ಬೆಳಿಗ್ಗೆ ಹೇಳಿದ್ದೇ. ಅಕ್ಷರಶಃ!

ಶುಕ್ರವಾರ ಫ್ಲೋರಲ್ ಪಾರ್ಕಿಗೆ ಹೋದೆವು. ವಿಜಯಾ ಕುಂಕುಮ ಇಟ್ಟಳು, ಅಕ್ಷತೆ ಕೊಟ್ಟಳು. “ಬರ್ಬೇಕು ಅಣ್ಣ” ಎಂದಳು. “ಬರ್ದೇ ಇರ್ತೀನೇನೇ?” ಎಂದರು ಭಾವ. ಮುಗಿಯಿತು. ನಾನು ಸೋಫಾದ ಮೇಲೆ ಕುಳಿತು ಕಾಫಿ ಕುಡಿದೆ. ನನಗೆ ವಹಿಸಿದ್ದ ಜವಾಬ್ದಾರಿ ಅಷ್ಟೇ. ಮತ ಯಾವ ಕಡೆಗೆ ಹಾಕಿದರೆಂದು ನಾನೂ ಕೇಳಲಿಲ್ಲ, ಭಾವನೂ ಹೇಳಲಿಲ್ಲ. ಹೊರಡುವಾಗ ಒಂದು ಪೊಟ್ಟಣ ಕೊಟ್ಟರು. ರೇಚಲ್‌ಗೆ ಸೀರೆ. “ಅವಳ ಮಾವ ಯಾರಾದ್ರೂ ಇದಾರಾ? ಇಲ್ದಿದ್ರೆ ನನಗೆ ಇನ್ನೊಂದು ಕೈ ಖಾಲಿ ಇದೆ” ಎಂದರು.

ಕಾರಿನಲ್ಲಿ ಅನಘಾಳ ಫೋನು ಬಂತು. ಬೀದಿಯ ವೀಡಿಯೋ ಅವಳಿಗೆ ತಲುಪಿತ್ತು. “ಅಪ್ಪಾ, ಬೋತ್ ಸೈಡ್ಸ್ ಬೂಡ್ ಯೂ! ಈ ವಾರ ಅವರಿಬ್ಬರೂ ಅಗ್ರೀ ಮಾಡಿದ್ದು ಅದೊಂದೇ!” ಎಂದು ನಕ್ಕು, ದನಿ ತಗ್ಗಿಸಿ ಕೇಳಿದಳು. “ಮಾವ ಬರ್ತಾರಾ?”

“ಬರ್ತಾರೆ” ಎಂದೆ. ಆ ಕಡೆಯಿಂದ ಮೂಗೆಳೆದ ಸದ್ದು ಮಾತ್ರ ಕೇಳಿಸಿತು.

ಮನೆಗೆ ಬಂದು ನೆಮ್ಮದಿಯಿಂದ ಆಮಂತ್ರಣದ ಪುಟ ತೆರೆದೆ. ಭಾವನ ಹೆಸರಿನ ಮುಂದೆ ಯೆಸ್ ಬಂದಿತ್ತು. ಇಡೀ ಪಟ್ಟಿಯಲ್ಲಿ ಉತ್ತರ ಕೊಡದೆ ಉಳಿದಿದ್ದ ಅತಿಥಿ ಒಬ್ಬನೇ. ವಧುವಿನ ತಂದೆ! ಊರವರ ಗುಂಡಿಗಳನ್ನೆಲ್ಲ ಕಾಯುತ್ತ ನನ್ನದನ್ನೇ ಒತ್ತಿರಲಿಲ್ಲ. ಓದುವ ಕನ್ನಡಕ ಮಂಗಳವಾರವೇ ಪೊಲೀಸರ ಕೆಳಗೆ ಮುರಿದುಹೋಗಿತ್ತು; ಕಣ್ಣು ಕಿರಿದು ಮಾಡಿ ಇಷ್ಟು ಓದಿದ್ದೇ ಹೆಚ್ಚು. ಗಾಬರಿಯಲ್ಲಿ ಅಂದಾಜಿನ ಮೇಲೆ ಬೆರಳಿಟ್ಟೆ.

ಕೂಡಲೇ ಫೋನು ರಿಂಗಣಿಸಿತು. ಭಾವ.

“ಏನ್ರೀ ಸತೀಶ್, ನಿಮ್ಮ ಹೆಸರಿನ ಮುಂದೆ ಮೇಬಿ ಅಂತ ಬಂದಿದೆ? ನಾಳೆ ನಾವು ಕಾಯಿ ತಗೊಂಡು ಬಂದು ನಿಮ್ಮನ್ನ ಕರೀಬೇಕಾ?”