ನೆಲದಿಂದ ನಾಲ್ಕು ಬೆರಳು ಮೇಲೆ

ಒಂದು ಜೀಪಿಗೆ ಎರಡು ತುಂಡು ರಬ್ಬರ್ ಕಟ್ಟುವುದು ಯಾವ ಮಹಾ ವಿದ್ಯೆ? ಎಂಬತ್ತರ ದಶಕದ ಆರಂಭದ ಒಂದು ಜ್ಯೇಷ್ಠ ಮಾಸದಲ್ಲಿ, ಹೊನ್ನವಳ್ಳಿಯ ನಮ್ಮ ಮನೆಯಂಗಳದಲ್ಲಿ ನಿಂತು ನಾನು ಈ ಪ್ರಶ್ನೆಯನ್ನು ಗಟ್ಟಿಯಾಗಿಯೇ ಕೇಳಿದ್ದೆ. ತಕ್ಕ ಉತ್ತರ ಕೊಡಬಲ್ಲವಳು ಊರಲ್ಲಿರಲಿಲ್ಲ. ನನ್ನ ಹೆಂಡತಿ ಗಿರಿಜೆ ಬಾಣಂತನಕ್ಕೆಂದು ಅರಳಗುಪ್ಪೆಯ ತವರಿಗೆ ಹೋಗಿ ಏಳು ತಿಂಗಳಾಗಿತ್ತು.

ಏಳು ತಿಂಗಳೆಂದರೆ ಕಡಿಮೆಯಲ್ಲ. ಗೋಡೆಯ ಮೊಳೆಗೆ ಅವಳು ತೂಗುಹಾಕಿ ಹೋಗಿದ್ದ ಹಸಿರು ಬಳೆಗಳ ಮೇಲೆ ಧೂಳು ಕೂತಿತ್ತು. ನಾನು ಒರೆಸುತ್ತಿರಲಿಲ್ಲ. ಒರೆಸಿದರೆ ಅವು ಸದ್ದು ಮಾಡುತ್ತವೆ, ಸದ್ದಾದರೆ ಅವಳು ಅಡಿಗೆಮನೆಯಲ್ಲೇ ಇದ್ದಾಳೆ ಅನ್ನಿಸುತ್ತದೆ, ಆಮೇಲೆ ಎದ್ದು ಹೋಗಿ ನೋಡಬೇಕಾಗುತ್ತದೆ. ಒಂದೆರಡು ಸಲ ಹೋಗಿ ನೋಡಿಯೂ ಇದ್ದೆ. ಅಮ್ಮ ಮುದ್ದೆ ತೊಳಸುತ್ತಿದ್ದವಳು ತಿರುಗಿ, "ಏನ್ಲಾ ಬೇಕು?" ಅಂದಿದ್ದಳು. ನೀರು ಬೇಕು ಅಂದು ಬಾಯಾರದಿದ್ದರೂ ಎರಡು ಲೋಟ ಕುಡಿದು ಬಂದಿದ್ದೆ.

ಹಾಗಂತ ಅತ್ತೆಮನೆಗೆ ದಿನಾ ಓಡಲು ಆಗುತ್ತದೆಯೇ? ಅಳಿಯನಾದವನಿಗೆ ಗಾಂಭೀರ್ಯವೆಂಬುದೊಂದು ಇರಬೇಕಷ್ಟೆ. ಆದ್ದರಿಂದ ಹತ್ತು ದಿನಕ್ಕೊಮ್ಮೆ ಒಂದೊಂದು ನೆಪ ಹೊತ್ತು ಹೋಗುತ್ತಿದ್ದೆ. ಒಮ್ಮೆ ಕೊಬ್ಬರಿ ಧಾರಣೆ ವಿಚಾರಿಸಲು, ಇನ್ನೊಮ್ಮೆ ಕಳೆದೇ ಹೋಗಿರದ ಛತ್ರಿಯನ್ನು ಹುಡುಕಲು. ಹೋದರೆ ಜಗಲಿಯಲ್ಲಿ ಕಾಫಿ. ಬಾಣಂತಿ ಕೋಣೆಯ ಬಾಗಿಲ ಸಂದಿಯಲ್ಲಿ, ಸಾಂಬ್ರಾಣಿ ಹೊಗೆಯ ನಡುವೆ ಗಿರಿಜೆ ಅರ್ಧ ಮುಖ ತೋರಿಸಿ "ಊಟ ಆಯ್ತಾ?" ಅನ್ನುತ್ತಿದ್ದಳು. ನಾನು "ಆಯ್ತು" ಅನ್ನುತ್ತಿದ್ದೆ. ಏಳು ತಿಂಗಳ ದಾಂಪತ್ಯದ ಒಟ್ಟು ಸಂಭಾಷಣೆ ಇಷ್ಟೇ! ಮಗಳನ್ನು ಎತ್ತಿಕೊಂಡಿದ್ದು ಮೂರು ಸಲ. ಮೂರು ಸಲವೂ ಅತ್ತೆ "ಕತ್ತು ಹಿಡ್ಕಳಿ, ಕತ್ತು!" ಎಂದು ಕಿತ್ತುಕೊಂಡಿದ್ದರು.

ಈಗ ಮಗಳಿಗೆ ಐದು ತಿಂಗಳು ನಡೆಯುತ್ತಿತ್ತು. ಕರೆತರಲು ಜ್ಯೇಷ್ಠದ ಕೊನೆಯ ಸೋಮವಾರ ಗೊತ್ತಾಯಿತು. ಅದು ತಪ್ಪಿದರೆ ಆಷಾಢ. ಆಷಾಢದಲ್ಲಿ ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವ ಪದ್ಧತಿ ಅತ್ತೆಯ ಮನೆತನದಲ್ಲಿ ಇಲ್ಲವೇ ಇಲ್ಲ. ಅಂದರೆ ಇನ್ನೂ ಒಂದು ತಿಂಗಳು "ಊಟ ಆಯ್ತಾ?", "ಆಯ್ತು".

ಅಷ್ಟರಲ್ಲಿ ಗಿರಿಜೆಯ ಕಾಗದ ಬಂತು. "ಬರುವಾಗ ಜೀಪಿನ ಚಕ್ರಕ್ಕೆ ರಬ್ಬರ್ ಕಟ್ಟಿಸಿಕೊಂಡು ಬನ್ನಿ. ಇಲ್ಲದಿದ್ದರೆ ಅಮ್ಮ ಆ ಗಾಡಿಯನ್ನು ಹತ್ತಲು ಬಿಡುವುದಿಲ್ಲ. ಮರೆಯಬೇಡಿ." ಇದರ ಹಿಂದೆ ಒಂದು ಇತಿಹಾಸವಿದೆ. ನನ್ನದು ಮಿಲಿಟರಿಯವರು ಹರಾಜು ಹಾಕಿದ್ದ ಹಳೆಯ ಜೀಪು. ಬಾಗಿಲಿಲ್ಲ, ಹಿಂದಿನ ಚಕ್ರಗಳಿಗೆ ಕೆಸರು ತಡೆಯುವ ರಬ್ಬರ್ ಪಟ್ಟಿ, ಅಂದರೆ ಮಡ್ ಫ್ಲ್ಯಾಪ್, ಇಲ್ಲ. ಆದರೆ ತೋಟದ ಯಾವ ಕೆಸರಿನಲ್ಲೂ ನುಗ್ಗುತ್ತಿತ್ತು. ಗಿರಿಜೆಯನ್ನು ತವರಿಗೆ ಬಿಟ್ಟು ಹೊರಟ ದಿನ, ಅತ್ತೆ ಬೀಳ್ಕೊಡಲು ಹಿಂದೆ ನಿಂತಿದ್ದಾಗ, ನನ್ನ ಕಣ್ಣೀರು ಕಾಣಬಾರದೆಂದು ಜೋರಾಗಿ ಆಕ್ಸಿಲರೇಟರ್ ಒತ್ತಿದ್ದೆ. ಹೊಸ ಸೀರೆ, ಸುಣ್ಣ ಬಳಿದ ಗೋಡೆ, ಬಾಗಿಲ ರಂಗೋಲಿ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿದ್ದವು.

ಶನಿವಾರ ತಿಪಟೂರಿಗೆ ಹೋದೆ. ಗ್ಯಾರೇಜಿನ ಬಾಷಾ ಸಾಬರು ಯಾವುದೋ ಜೀಪಿನ ಅಡಿಯಿಂದ ತಲೆ ಹೊರಹಾಕಿ ನನ್ನ ಅಹವಾಲು ಕೇಳಿದರು.

"ಹಾಕನ ಬುಡಿ ಸಾಹೇಬ್ರೆ, ಅದೇನು ದೊಡ್ಡ ಕೆಲ್ಸ ಅಲ್ಲ. ಮಂಗಳವಾರ ಗಾಡಿ ತನ್ನಿ."

"ಸೋಮವಾರ ಹೆಂಡ್ತೀನ ಕರ್ಕೊಂಡು ಬರಬೇಕು ಸಾಬ್ರೆ!"

"ಹಂಗಾದ್ರೆ ಬಂದ್ಮೇಲೆ ಹಾಕನ."

ಈ ಮನುಷ್ಯನಿಗೆ ನನ್ನ ಅತ್ತೆಯ ಪರಿಚಯವಿಲ್ಲ ಎಂದುಕೊಂಡೆ. ನಾನೇ ಕಟ್ಟಿಕೊಳ್ಳುತ್ತೇನೆ ಅಂದಾಗ ಬಾಷಾ ಸಾಬರು ಎದ್ದು ಕೂತರು.

"ಒಂದು ಮಾತು ನೆನಪಿಟ್ಕಳಿ. ರಬ್ಬರ್ ನೆಲದಿಂದ ಒಂದು ಗೇಣು ಮೇಲಿರ್ಬೇಕು. ಲೋಡ್ ಬಿದ್ರೆ ಗಾಡಿ ಹಿಂದೆ ಕೂತ್ಕತದೆ. ರಬ್ಬರ್ ಉದ್ದ ಇದ್ರೆ ರಿವರ್ಸಲ್ಲಿ ಚಕ್ರ ಅದನ್ನ ಕಚ್ಕಂಡ್ಬುಡ್ತದೆ."

ಒಂದು ಗೇಣು! ಒಂದು ಗೇಣು ಸಂದಿಯಲ್ಲಿ ಎಷ್ಟು ಕೆಸರು ಹಾರಬಹುದು, ಅದರಲ್ಲಿ ಅತ್ತೆಯ ಪಾಲೆಷ್ಟು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅಂಗಡಿಯಲ್ಲಿ ಜೀಪಿನ ಅಳತೆಯವೂ ಇದ್ದವು, ಲಾರಿಯ ಅಳತೆಯವೂ ಇದ್ದವು. ಲಾರಿಯವನ್ನು ತಂದೆ.

ಭಾನುವಾರ ಬೆಳಿಗ್ಗೆ ಕಾಮಗಾರಿ ಆರಂಭವಾಯಿತು. ಪಕ್ಕದ ಮನೆಯ ಶಿವಣ್ಣ ನನ್ನ ಓರಗೆಯವನು, ಅಂಗಡಿ ಬೋರ್ಡು ಬರೆಯುವುದರಲ್ಲಿ ನಿಪುಣ. ಲಾರಿಗಳ ರಬ್ಬರ್ ಮೇಲೆ ಮಾಲೀಕರ ಮಕ್ಕಳ ಹೆಸರುಗಳು ತೂಗಾಡುವುದನ್ನು ಕಂಡಿದ್ದ ನನಗೆ ಒಂದು ಯೋಚನೆ ಹೊಳೆಯಿತು.

"ಎಡಗಡೆಗೆ ಗಿರಿಜಾ, ಬಲಗಡೆಗೆ ನನ್ನ ಹೆಸರು ಬರಿ," ಅಂದೆ.

"ಲೇ, ಹೆಂಡ್ತಿ ಹೆಸರನ್ನ ಕೆಸರಿಗೆ ಕಟ್ತೀಯೇನ್ಲಾ?"

"ಅವಳ ಹೆಸರನ್ನ ಊರೆಲ್ಲಾ ಓದ್ಲಿ ಅಂತ ಕಣ್ಲಾ."

ಶಿವಣ್ಣ "ಪಾಪ, ನಿಂಗೆ ಹೆಂಡ್ತಿ ನೆನಪು ಬಲೇ ಹತ್ತೈತೆ ಕಣ್ಲಾ," ಅಂದು ಬಿಳಿ ಬಣ್ಣದ ಡಬ್ಬಿ ತೆಗೆದ. ಬರೆದದ್ದು ಮಾತ್ರ ಬಹಳ ಸೊಗಸಾಗಿತ್ತು. ಗಿರಿಜಾ ಎಂಬ ಮೂರು ಅಕ್ಷರ ಒಣಗುವವರೆಗೂ ನಾನು ಪಕ್ಕದಲ್ಲೇ ಕೂತು ನೊಣ ಓಡಿಸಿದೆ.

ರಬ್ಬರಿಗೆ ತೂತು ಕೊರೆಯಲು ನಮ್ಮಲ್ಲಿ ಡ್ರಿಲ್ಲಿಂಗ್ ಮೆಷಿನ್ ಇರಲಿಲ್ಲ. ಸಲಾಕೆಯನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಚುಚ್ಚಿದೆ. ಚುಯ್ ಎಂದಿತು. ಎದ್ದ ಹೊಗೆ ಮೂರು ಮನೆಯಾಚೆಗೆ ಹೋಯಿತು. ಅಮ್ಮ ಹಿತ್ತಲಿಂದ ಓಡಿ ಬಂದು, "ಏನ್ಲಾ ಸುಟ್ಟೆ?" ಎಂದು ಕೇಳಿ, ನಾನು ಉತ್ತರ ಕೊಡುವ ಮೊದಲೇ ಒಂದು ಬಿಂದಿಗೆ ನೀರನ್ನು ನನ್ನ ಮೇಲೆ ಸುರಿದಳು. ರಬ್ಬರ್ ಆರಿತು, ನಾನೂ ಆರಿದೆ. ಆಮೇಲೆ ನೋಡಿದರೆ ತೂತು ಬಿದ್ದದ್ದು ತಲೆಯ ಕಡೆಗಲ್ಲ, ಬುಡದ ಕಡೆಗೆ! ತಗುಲಿ ಹಾಕಿದರೆ ಗಿರಿಜೆ ತಲೆಕೆಳಗಾಗಿ ನೇತಾಡುತ್ತಿದ್ದಳು. ಇನ್ನೊಂದು ತುದಿಗೆ ಮತ್ತೆ ತೂತು ಹಾಕಿದ್ದಾಯಿತು.

ಸಂಜೆ ಹೊತ್ತಿಗೆ ದಪ್ಪ ಕಬ್ಬಿಣದ ಪಟ್ಟಿ ಕೊಟ್ಟು, ಒಂದೊಂದಕ್ಕೆ ಆರಾರು ಬೋಲ್ಟು ಬಿಗಿದು, ಆನೆ ಎಳೆದರೂ ಬಾರದಂತೆ ಕೂರಿಸಿದೆ. ಹೆಚ್ಚಾದ ಬುಡವನ್ನು ಕುಡುಗೋಲಿನಿಂದ ಕತ್ತರಿಸಿ, ಮೊಣಕಾಲೂರಿ ಅಳೆದೆ. ನೆಲದಿಂದ ನಾಲ್ಕು ಬೆರಳು. ಒಂದು ಹನಿ ಕೆಸರು ನುಸುಳಲಿ ನೋಡೋಣ! ಜೀಪು ಖಾಲಿಯಾಗಿತ್ತು ಎಂಬ ಅಂಶ ಆಗ ನನಗೆ ಮುಖ್ಯವೆನ್ನಿಸಲಿಲ್ಲ.

ಸೋಮವಾರ ಅಮ್ಮ ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿದಳು. ನಾನು ಹಸಿರು ಬಳೆಗಳ ಧೂಳು ಒರೆಸಿದೆ. ಅವು ಎಷ್ಟು ಬೇಕಾದರೂ ಸದ್ದು ಮಾಡಲಿ ಎಂದು ಬಿಟ್ಟು, ಇಸ್ತ್ರಿ ಅಂಗಿ ಹಾಕಿ ಹೊರಟೆ. ಹಿಂದಿನ ರಾತ್ರಿ ಮಳೆ ಬಂದಿತ್ತು. ದಾರಿಯುದ್ದಕ್ಕೂ ಕೆಸರು, ಹಿಂದೆ ಒಂದು ಹನಿ ಹಾರಲಿಲ್ಲ. ಸೈಕಲ್ ಸವಾರನೊಬ್ಬ ಕೈಯೆತ್ತಿ ವಂದಿಸಿದ. ಅಥವಾ ನನಗೆ ಹಾಗೆ ಕಂಡಿತು.

ಅತ್ತೆಯ ಮನೆ ಬೀದಿಯಿಂದ ಒಳಕ್ಕೆ, ಒಂದು ಕಿರಿದಾದ ಓಣಿಯ ಕೊನೆಯಲ್ಲಿದೆ. ಬುದ್ಧಿಯಿರುವವರು ಗಾಡಿಯನ್ನು ಹಿಮ್ಮುಖವಾಗಿ ಒಳಗೆ ತಂದು ನಿಲ್ಲಿಸುತ್ತಾರೆ, ಹೊರಡುವಾಗ ನೇರ ಹೊರಡಬಹುದು. ಆದರೆ ಹಾಗೆ ನಿಲ್ಲಿಸಿದರೆ ರಬ್ಬರಿನ ಮೇಲಿನ ಹೆಸರನ್ನು ಅತ್ತೆಮನೆಯ ಎಮ್ಮೆ ಮಾತ್ರ ಓದುತ್ತಿತ್ತು. ಅದಕ್ಕೇ ಮೂತಿ ಮನೆಗೆ, ಹಿಂಭಾಗ ಬೀದಿಗೆ ಮಾಡಿ ನಿಲ್ಲಿಸಿದೆ.

ಗಿರಿಜೆ ಮಗಳನ್ನು ಎತ್ತಿಕೊಂಡು ಹೊರಬಂದಳು. ಪೂರ್ತಿ ಮುಖ! ಸ್ವಲ್ಪ ತುಂಬಿಕೊಂಡಿದ್ದಳು, ಕಣ್ಣಿಗೆ ಕಾಡಿಗೆ ಹಚ್ಚಿದ್ದಳು. ಜೀಪಿನ ಹಿಂದೆ ಹೋಗಿ ನೋಡಿದಳು.

"ಯಾಕ್ರೀ ನನ್ನ ಹೆಸರು?" ಅಂದಳು ಮೆಲ್ಲಗೆ.

"ಸುಮ್ನೆ," ಅಂದೆ.

ಅವಳು ನಕ್ಕಳು. ಆ ಗಳಿಗೆಯಲ್ಲೇ ನಾನು ಹೊರಟುಬಿಡಬೇಕಿತ್ತು. ಆದರೆ ತವರಿನವರು ಬರಿಗೈಲಿ ಕಳಿಸುತ್ತಾರೆಯೇ? ಮೊದಲು ತೊಟ್ಟಿಲು ಬಂತು. ಮಗುವಿಗೆ ನೀರು ಕಾಯಿಸುವ ತಾಮ್ರದ ಹಂಡೆ ಬಂತು. ಒಂದು ಮೂಟೆ ರಾಗಿ, ಎರಡು ಮೂಟೆ ತೆಂಗಿನಕಾಯಿ ಬಂದವು. ನಮ್ಮ ತೋಟದಲ್ಲೇ ಕಾಯಿ ರಾಶಿ ಬಿದ್ದಿರುತ್ತದೆ. ಆದರೂ ತವರಿನ ಕಾಯಿ ಬೇರೆ, ಗಂಡನ ಮನೆಯ ಕಾಯಿ ಬೇರೆ! ಕೊನೆಗೆ, ನಾಲ್ಕು ದಿನ ಬಾಣಂತಿಗೆ ಜೊತೆಯಿರಲೆಂದು ಗಿರಿಜೆಯ ದೊಡ್ಡಮ್ಮ ಹತ್ತಿದರು. ದೊಡ್ಡಮ್ಮ ಎಡಪಕ್ಕಕ್ಕೆ ಕೂತೊಡನೆ ಜೀಪು ನಿಟ್ಟುಸಿರು ಬಿಟ್ಟಿತು. ನಾನು ಹಿಂದೆ ತಿರುಗಿ ನೋಡಲಿಲ್ಲ. ಗಿರಿಜೆ ಮಗಳೊಡನೆ ನನ್ನ ಪಕ್ಕದಲ್ಲೇ ಕೂತಿದ್ದಳು, ನಾನು ಬೇರೆ ಯಾವ ಕಡೆ ನೋಡಲಿ?

ರಾಹುಕಾಲ ಕಳೆಯಿತು. ಅತ್ತೆ ಮುಂದಿನ ಎರಡೂ ಚಕ್ರದ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟು, ಆರತಿ ತಟ್ಟೆ ಹಿಡಿದು ಜೀಪಿನ ಮುಂದೆ ನಿಂತರು. "ಹೊರಡ್ರಪ್ಪ ಅಳಿಯಂದ್ರೆ, ನಿಧಾನ," ಅಂದರು. ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾನು ರಿವರ್ಸ್ ಗೇರ್ ಹಾಕಿದೆ.

ಜೀಪು ಒಂದು ಮೊಳ ಹಿಂದೆ ಸರಿದು ನಿಂತಿತು. ಹಿಂದೆ ಏನೋ ಕಿರ್ ಎಂದಿತು. ಕೆಸರಲ್ಲಿ ಹೂತಿರಬೇಕೆಂದು ಇನ್ನಷ್ಟು ಒತ್ತಿದೆ. ಅಲುಗಲಿಲ್ಲ. ಮಿಲಿಟರಿ ಜೀಪೆಂದರೆ ಸುಮ್ಮನೆಯೇ? ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಗೇರನ್ನು ಎಳೆದು, ಆಕ್ಸಿಲರೇಟರನ್ನು ಪೂರ್ತಿ ಒತ್ತಿದೆ.

ಆ ಹೊತ್ತಿನವರೆಗೂ ನಾನು ಕೆಸರು ಹಿಂದಕ್ಕೇ ಹಾರುತ್ತದೆ ಎಂದು ನಂಬಿದ್ದೆ. ಗಾಡಿ ಹಿಂದಕ್ಕೆ ಹೋಗುವಾಗ ಕೆಸರು ಮುಂದಕ್ಕೆ ಹಾರುತ್ತದೆ! ಮುಂದೆ ಅತ್ತೆ ನಿಂತಿದ್ದರು. ಆರತಿ ಆರಿತು. ಸುಣ್ಣದ ಗೋಡೆಯ ಮೇಲೆ ಅತ್ತೆಯ ಆಕಾರವಷ್ಟೇ ಬೆಳ್ಳಗೆ ಉಳಿಯಿತು. ಅದೇ ಕ್ಷಣಕ್ಕೆ ಹಿಂದಿನಿಂದ ಪರ್ ಎಂಬ ಶಬ್ದ ಬಂದು, ಜೀಪು ಹಾರಿ ಬೀದಿಗೆ ಬಿತ್ತು. ದೊಡ್ಡಮ್ಮ ಶಿವನನ್ನು ಕರೆದರು. ಮಗಳು ಕೇಕೆ ಹಾಕಿ ನಕ್ಕಳು. ಆ ದಿನ ಸಂತೋಷಪಟ್ಟವಳು ಅವಳೊಬ್ಬಳೇ.

ಇಳಿದು ನೋಡಿದೆ. ಎಡಗಡೆಯ ಆರು ಬೋಲ್ಟೂ ಭದ್ರವಾಗಿದ್ದವು. ಅವುಗಳ ಕೆಳಗೆ ರಬ್ಬರೇ ಇರಲಿಲ್ಲ. ಓಣಿಯ ಕೆಸರಿನಲ್ಲಿ, ಚಕ್ರದ ಗೆರೆಗಳ ಕೆಳಗೆ ಗಿರಿಜಾ ಎಂಬ ಮೂರು ಅಕ್ಷರ ಅರೆದುಹೋಗಿ ಬಿದ್ದಿದ್ದವು. ಎರಡು ನಿಂಬೆಹಣ್ಣು ಮಾತ್ರ ಇಟ್ಟಲ್ಲೇ ದುಂಡಗೆ ಇದ್ದವು.

ಅತ್ತೆ ತಮ್ಮ ಸೀರೆಯ ಮಾತೇ ಎತ್ತಲಿಲ್ಲ. ಎತ್ತಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಆ ರಬ್ಬರ್ ತುಂಡನ್ನೇ ನೋಡುತ್ತಿದ್ದರು.

"ನಿಂಬೆಹಣ್ಣು ಉಳಿಸಿ ನನ್ನ ಮಗಳ ಹೆಸರನ್ನ ಚಕ್ರದಡಿ ಹಾಕ್ಬುಟ್ರಲ್ಲಪ್ಪ! ಹೊಸಿಲು ದಾಟೋ ಹೊತ್ನಲ್ಲಿ ಹಿಂಗಾಯ್ತು ಅಂದ್ಮೇಲೆ ಇವತ್ತು ಕಳ್ಸಕ್ಕಾಗಲ್ಲ. ಇಳಿಯೇ ಗಿರಿಜಾ. ಆಷಾಢ ಕಳೀಲಿ."

"ಅತ್ತೆ, ಅದು ಬರೀ ರಬ್ಬರ್..."

"ಹೆಸರು ಬರ್ದ್ಮೇಲೆ ಬರೀ ರಬ್ಬರ್ ಹೆಂಗಾಯ್ತದಪ್ಪ?"

ಹೆಸರು ಬರೆಸಿದವನೂ ಹಾಗೆಯೇ ತಿಳಿದಿದ್ದನಲ್ಲ. ಗಿರಿಜೆ ಇಳಿದಳು, ದೊಡ್ಡಮ್ಮ ಇಳಿದರು. ಬಾಣಂತಿ ಹೋಗದೆ ಅವಳ ಸಾಮಾನು ಹೋಗಬಾರದಂತೆ. ತೊಟ್ಟಿಲು, ಹಂಡೆ, ರಾಗಿ, ಕಾಯಿ ಎಲ್ಲವನ್ನೂ ನಾನೇ ಹೊತ್ತು ಒಳಗಿಟ್ಟೆ. ತೊಟ್ಟಿಲು ಬಲು ಹಗುರ. ಆದರೂ ಅದನ್ನು ಇಳಿಸುವಾಗಲೇ ಕೈ ಸೋತಿತು.

ಗಿರಿಜೆ ಕೆಸರಿನಿಂದ ರಬ್ಬರ್ ತುಂಡನ್ನು ಎತ್ತಿ, ಸೆರಗಿನಿಂದ ಒರೆಸಿದಳು. ಅವಳ ಕಾಡಿಗೆ ಕದಡಿತ್ತು.

"ನಾ ಕೇಳಿದ್ದು ಒಂದಿಷ್ಟು ರಬ್ಬರ್ ಕಣ್ರೀ. ನೆಲ ಗುಡಿಸೋ ಅಷ್ಟು ಉದ್ದ ಯಾಕೆ ಕಟ್ಟಿದ್ರಿ?"

"ನಿಮ್ಮಮ್ಮಂಗೆ ಒಂದು ಹನೀನೂ ತಾಗ್ಬಾರ್ದು, ನಿನ್ನ ಕಳಿಸ್ಕೊಡ್ಲಿ ಅಂತ ಕಣೇ."

ಅವಳು ಮಗಳನ್ನು ನನ್ನ ಕೈಗೆ ಕೊಟ್ಟಳು. ಮಗಳ ಕತ್ತು ನಿಂತಿತ್ತು, ಹಿಡಿದುಕೊಳ್ಳುವ ಅಗತ್ಯವೇ ಇರಲಿಲ್ಲ. ಅದು ಯಾವಾಗ ನಿಂತಿತೋ ನನಗೆ ಗೊತ್ತಾಗಿರಲಿಲ್ಲ. "ಆಷಾಢ ಕಳೆದ ದಿನವೇ ಬತ್ತೀನಿ," ಅಂದಳು ಗಿರಿಜೆ. ಆಮೇಲೆ ಅವರಮ್ಮನ ಕಡೆ ನೋಡಿ, "ಬಸ್ಸಲ್ಲಿ ಬತ್ತೀನಿ," ಅಂದಳು.

ಹೊನ್ನವಳ್ಳಿಗೆ ಬಂದಾಗ ಅಮ್ಮ ಆರತಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಖಾಲಿ ಜೀಪನ್ನು ನೋಡಿದಳು, ನನ್ನ ಮುಖ ನೋಡಿದಳು.

"ಅವ್ರೆಲ್ಲಿ ಮಗಾ?"

ಜೀಪಿನ ಹಿಂದಕ್ಕೆ ಹೋಗಿ ಕೂತೆ. ಎಡಗಡೆ ಆರು ಬೋಲ್ಟು ಏನನ್ನೂ ಹಿಡಿಯದೆ ಭದ್ರವಾಗಿದ್ದವು. ಬಲಗಡೆ ನನ್ನ ಹೆಸರೊಂದೇ ನೇತಾಡುತ್ತಿತ್ತು, ಒಂದು ಗೀರೂ ಬಿದ್ದಿರಲಿಲ್ಲ. ಅದರ ಕೆಳಗೆ ಕೈಯಿಟ್ಟು ಅಳೆದೆ. ನೆಲದಿಂದ ಸರಿಯಾಗಿ ನಾಲ್ಕು ಬೆರಳು ಮೇಲಿತ್ತು. ಬಾಷಾ ಸಾಬರು ಏನೇ ಹೇಳಲಿ, ನನ್ನ ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಹೆಂಡತಿ ಮಕ್ಕಳಿಲ್ಲದೆ ಒಬ್ಬನೇ ಓಡಾಡುವ ಗಂಡಸಿಗೆ ಅದು ಹೇಳಿ ಮಾಡಿಸಿದ ಅಳತೆ!