ಅತ್ತೆಯ ಕೈಗೆ ಬಿಲ್ವಪತ್ರೆ

ಮನುಷ್ಯನ ಮೈಮೇಲೆ ಸುಲಭದ ಜಾಗ ಎನ್ನುವುದು ಬಲು ಕಡಿಮೆ. ಇದು ಡಾಕ್ಟರುಗಳಿಗೆ ತಿಳಿದಿರಬಹುದು, ಹಚ್ಚೆ ಹಾಕುವವನಿಗಂತೂ ಖಂಡಿತ ತಿಳಿದಿರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಒಂದೇ ಚರ್ಮ; ಸೂಜಿ ಹಿಡಿದು ಕೂತಾಗ ಮಾತ್ರ ಅದರ ಒಂದೊಂದು ಅಂಗುಲಕ್ಕೂ ಒಂದೊಂದು ಸ್ವಭಾವ ಇರುವುದು ಗೊತ್ತಾಗುತ್ತದೆ. ತೋಳು ಸಾಧು ಪ್ರಾಣಿ, ಏನು ಮಾಡಿದರೂ ಸುಮ್ಮನಿರುತ್ತದೆ. ಕಾಲಿನ ಹರಡಿನ ಮೂಳೆ ಮುಂಗೋಪಿ. ಪಕ್ಕೆಗೆ ನಗು ಜಾಸ್ತಿ. ಕತ್ತಿನ ಕೆಳಗಿನ ಗುಳಿಯಂತೂ ಸೂಜಿ ಇನ್ನೂ ಗೇಣು ದೂರದಲ್ಲಿರುವಾಗಲೇ ನಡುಗಲು ಶುರುಮಾಡುತ್ತದೆ. ಇವೆಲ್ಲವನ್ನೂ ನಾನು ಬೇರೆಯವರ ಮೈಮೇಲೆ ಕಲಿತವನು. ನನ್ನ ಮೈಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಯಾಕೆಂದು ಗಿರಾಕಿಗಳು ಕೇಳಿದರೆ ‘ನನ್ನದು ಅಲರ್ಜಿ ಮೈ’ ಎಂದು ಜಾರಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಸೂಜಿ ಕಂಡರೆ ನನಗೆ ಕೈಕಾಲು ತಣ್ಣಗಾಗುತ್ತವೆ. ಇಂಜೆಕ್ಷನ್ ಕೊಡುವ ನರ್ಸಮ್ಮ ಎದುರಿಗೆ ಬಂದರೆ ರಸ್ತೆಯ ಆಚೆ ಬದಿಗೆ ದಾಟುವವನು ನಾನು. ಆದರೆ ಹಿಡಿಕೆ ನನ್ನ ಕಡೆ, ಮೊನೆ ಇನ್ನೊಬ್ಬರ ಕಡೆ ಇದ್ದುಬಿಟ್ಟರೆ ನನ್ನಷ್ಟು ಧೈರ್ಯವಂತ ಇಡೀ ಶಿಕಾರಿಪುರದಲ್ಲಿ ಇರಲಿಲ್ಲ.

ಆಗ, ಅಂದರೆ ತೊಂಬತ್ತರ ದಶಕದಲ್ಲಿ, ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ರೇಡಿಯೋ ಮತ್ತು ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ. ಮನೆಮನೆಗೆ ಟೀವಿ ಬಂದು ರೇಡಿಯೋಗಳು ಅಟ್ಟ ಹತ್ತುತ್ತಿದ್ದ ಕಾಲ. ಕೆಲಸವಿಲ್ಲದೆ ಸಂತೆ ಸುತ್ತುತ್ತಿದ್ದಾಗ ಒಬ್ಬ ಮಿಷನ್ನಿನಲ್ಲಿ ಹಚ್ಚೆ ಹಾಕುವುದನ್ನು ಕಂಡೆ. ಹಿಂದೆಲ್ಲ ನಮ್ಮ ಕಡೆ ಹಚ್ಚೆ ಹಾಕುವ ಹೆಂಗಸರು ಊರೂರಿಗೆ ಬರುತ್ತಿದ್ದರು. ದೀಪದ ಕಪ್ಪು, ಸೊಪ್ಪಿನ ರಸ, ಸೂಜಿಯ ಕಟ್ಟು, ಜೊತೆಗೆ ಬಾಯಲ್ಲಿ ಹಾಡು. ಹಾಡಿನ ಗುಂಗಿನಲ್ಲಿ ನೋವು ಮರೆಯಲಿ ಎಂದು. ಈ ಮನುಷ್ಯ ಹಾಡುತ್ತಿರಲಿಲ್ಲ, ಅವನ ಮಿಷನ್ನೇ ಗುರ್ ಎನ್ನುತ್ತಿತ್ತು. ಆ ಸದ್ದು ಕೇಳಿದ್ದೇ ತಡ, ನನ್ನ ಕಿವಿ ನೆಟ್ಟಗಾಯಿತು. ಅದರ ಹೊಟ್ಟೆಯಲ್ಲಿ ಇದ್ದದ್ದು ಟೇಪ್‌ರೆಕಾರ್ಡರಿನ ಮೋಟರು. ಅಂಥವು ನನ್ನ ಅಂಗಡಿಯಲ್ಲಿ ಡಬ್ಬದ ತುಂಬ ಬಿದ್ದಿದ್ದವು. ಒಂದು ಮೋಟರು, ಬಗ್ಗಿಸಿದ ಚಮಚದ ಹಿಡಿ, ಖಾಲಿ ಪೆನ್ನಿನ ಕೊಳವೆ, ಸೂಜಿ, ಟಾರ್ಚಿನ ಸೆಲ್ಲು. ಮಾರನೆಯ ದಿನ ಬದನೆಕಾಯಿಯ ಮೇಲೆ ಹೂ ಬಿಡಿಸಿದೆ. ಆ ವಾರವೆಲ್ಲ ನಮ್ಮ ಮನೆಯಲ್ಲಿ ಹೂವಿನ ಚಿತ್ರದ ಬದನೆಕಾಯಿ ಪಲ್ಯ. ಹಾಡು ಬಾರದ ಕಾರಣ ನಾನು ಗಿರಾಕಿಯ ಜೊತೆ ಬಿಡುವಿಲ್ಲದೆ ಮಾತಾಡುವುದನ್ನು ರೂಢಿ ಮಾಡಿಕೊಂಡೆ. ಆ ರೂಢಿಯೇ ಮುಂದೆ ನನಗೆ ಮುಳುವಾಯಿತು.

ಈಸೂರಿನ ಪೈಲ್ವಾನರೊಬ್ಬರು ಬಂದದ್ದನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ಬಾಗಿಲಿಗೆ ಅಡ್ಡ ನಿಂತರೆ ಅಂಗಡಿಗೆ ಕತ್ತಲೆಯಾಗುವಂಥ ಆಳು. ಪಕ್ಕೆಯ ಮೇಲೆ ಹುಲಿ ಬೇಕು ಎಂದರು. ನಾನು ಬೆರಳಿಟ್ಟು ಚರ್ಮ ಬಿಗಿಹಿಡಿದೆ ಅಷ್ಟೆ, ‘ಹಿಹಿಹಿ’ ಎಂದು ಎಳೆ ಹುಡುಗಿಯ ಹಾಗೆ ನಕ್ಕುಬಿಟ್ಟರು. ಸೂಜಿ ಇಟ್ಟರೆ ನಗು, ತೆಗೆದರೆ ನಾಚಿಕೆ. “ನಕ್ಕಿದ್ದು ಯಾರಿಗೂ ಹೇಳಬ್ಯಾಡ್ರಿ ಮತ್ತೆ, ಅಖಾಡದಾಗೆ ಮಂದಿ ಪಟ್ಟು ಹಾಕೋ ಬದ್ಲು ಕಚಗುಳಿ ಇಡ್ತಾರೆ” ಎಂದು ಬೇಡಿಕೊಂಡರು. ಹುಲಿ ಮುಗಿಯುವ ಹೊತ್ತಿಗೆ ಅದಕ್ಕೂ ನಗುಮುಖ ಬಂದಿತ್ತು. ಪಾಪ, ಅವರು ಬಹಳ ಖುಷಿಪಟ್ಟರು.

ಎಲ್ಲ ಚೆನ್ನಾಗಿಯೇ ನಡೆದಿತ್ತು, ಸೊರಬದಲ್ಲಿ ನನ್ನ ಷಡ್ಡಕ ರುದ್ರೇಶ ಇನ್ನೊಂದು ಮಿಷನ್ ಶುರುಮಾಡುವ ತನಕ. ಷಡ್ಡಕನೆಂದರೆ ನನ್ನ ಹೆಂಡತಿ ಸರೋಜಳ ತಂಗಿ ಮಂಗಳಾಳ ಗಂಡ. ವಾಹನಗಳಿಗೆ ನಂಬರ್ ಪ್ಲೇಟು ಬರೆಯುವ ಪೇಂಟರು, ಕೈ ಬಲು ಚೊಕ್ಕ. ಮಿಷನ್ ಹೇಗೆ ಮಾಡುವುದೆಂದು ಅವನಿಗೆ ಹೇಳಿಕೊಟ್ಟವನು ನಾನೇ, ಅದೂ ಹಬ್ಬದೂಟದ ಮತ್ತಿನಲ್ಲಿ. ಅಲ್ಲಿಂದ ನಮ್ಮಿಬ್ಬರಿಗೂ ನಿದ್ದೆಯಿಲ್ಲ. ಅವನು ಒಬ್ಬರ ಹರಡಿನ ಮೂಳೆಯ ಮೇಲೆ ಚೇಳು ಹಾಕಿದನೆಂದು ಸುದ್ದಿ ಬಂದರೆ ನಾನು ಇನ್ನೊಬ್ಬರ ಕಿವಿಯ ಹಿಂದೆ ಓಂ ಹಾಕುತ್ತಿದ್ದೆ. ನಾನು ಕತ್ತಿನ ಗುಳಿಗೆ ನಕ್ಷತ್ರ ಇಟ್ಟೆನೆಂದು ಗೊತ್ತಾದರೆ ಅವನು ಅಂಗೈಯ ನಡುವೆ ಕಮಲ ಅರಳಿಸುತ್ತಿದ್ದ. ಗಿರಾಕಿ ಎಲ್ಲಿಗೆ ಬೇಕೆಂದು ಕೇಳುವ ಪದ್ಧತಿಯೇ ಹೋಯಿತು. ತೋಳಿಗೆ ಹಾಕಿ ಎಂದು ಬಂದವರನ್ನು ‘ತೋಳೇನು ಮಹಾ, ಎಲ್ಲರೂ ಹಾಕಿಸ್ಕೊಳ್ತಾರೆ’ ಎಂದು ಹುರಿದುಂಬಿಸಿ ಮೊಣಕಾಲಿನ ಹಿಂಭಾಗಕ್ಕೆ ಇಳಿಸುತ್ತಿದ್ದೆವು. ಎರಡು ತಾಲ್ಲೂಕಿನ ಜನ ನಮ್ಮ ಪೈಪೋಟಿಗೆ ಮೈಕೊಟ್ಟು ಕುಂಟುತ್ತ, ಕತ್ತು ವಾಲಿಸುತ್ತ ಓಡಾಡುವಂತಾಯಿತು.

ಮಾವನವರ ಊರು ಕುಪ್ಪಗಡ್ಡೆ. ದೀಪಾವಳಿಗೆ ಇಬ್ಬರು ಅಳಿಯಂದಿರೂ ಅಲ್ಲಿ ಸೇರಿದ್ದೆವು. ಹೋರಿ ಓಡಿಸುವ ಹಬ್ಬವೆಂದರೆ ಊಟ ಬಿಡುವ ಮಾವನವರಿಗೆ ಯಾವುದರಲ್ಲಾದರೂ ಸೋಲು ಗೆಲುವು ಇತ್ಯರ್ಥ ಆಗಲೇಬೇಕು. ಜಗಲಿಯಲ್ಲಿ ಊರಿನ ನಾಲ್ಕು ಜನರನ್ನು ಕೂರಿಸಿಕೊಂಡು ಹೇಳಿಯೇಬಿಟ್ಟರು: “ಒಂದೇ ಮನೆ ಅಳಿಯಂದ್ರು ಒಂದೇ ಕಸುಬಿಗೆ ಕಿತ್ತಾಡೋದು ಚಂದ ಕಾಣಲ್ಲ. ಇವತ್ತು ತೀರ್ಮಾನ ಆಗ್ಲಿ. ಸೋತೋರು ಮಿಷನ್ ಎತ್ತಿಡ್ಬೇಕು.” ರೇಡಿಯೋ ಅಂತೂ ಅಟ್ಟ ಹತ್ತಿಯಾಗಿತ್ತು. ಮಿಷನ್ನೂ ಹೋದರೆ ಅಂಗಡಿಯಲ್ಲಿ ಉಳಿಯುವುದು ನಾನು ಮತ್ತು ಸ್ಟೂಲು. ಯಾರ ಮೈಮೇಲೆ ಪಂದ್ಯ ಎಂದು ರುದ್ರೇಶ ಕೇಳಿದ. “ನಿಮ್ಮತ್ತೆ ಕೈ ಮ್ಯಾಲೆ. ಇಷ್ಟು ವಯಸ್ಸಾದ್ರೂ ಬರೀಕೈ ಅಂತ ಓರಗೆಯೋರು ಆಡ್ಕೊಂತಾರೆ. ಬಲಗೈ ಒಬ್ರು, ಎಡಗೈ ಒಬ್ರು. ಮೊಣಕೈ ಒಳಮಡಿಕೆಗೆ ಮೂರೆಲೆ ಬಿಲ್ವಪತ್ರೆ. ಯಾವ ಕೈ ಮೊದಲು ಹಿಂದಕ್ಕೆ ಹೋಗುತ್ತೋ ಆ ಕೈಗೆ ಹಾಕೋರು ಸೋತಂಗೆ.” ಒಳಮಡಿಕೆ ಯಾಕೆ ಎಂದರೆ, “ಸುಲಭದ ಜಾಗದಾಗೆ ಯಾರು ಬೇಕಾದ್ರೂ ಹಾಕ್ತಾರೆ” ಎಂದರು. ಮೊಣಕೈಯ ಒಳಮಡಿಕೆ ಮೈಯಲ್ಲೇ ಅತಿ ಸೂಕ್ಷ್ಮವಾದ ಜಾಗ, ಅಲ್ಲಿ ಗಾಳಿ ಊದಿದರೂ ಉರಿಯುತ್ತದೆ. ಕೈ ಅತ್ತೆಯದು, ತೀರ್ಮಾನ ಮಾವನದು.

ಇದರಲ್ಲಿ ಇನ್ನೊಂದು ತೊಡಕಿತ್ತು. ಆ ಮನೆಯಲ್ಲಿ ಅತ್ತೆ ಅಳಿಯಂದಿರ ಎದುರಿಗೆ ನಿಲ್ಲುವ ಪದ್ಧತಿಯೇ ಇಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಅತ್ತೆಯವರ ಸೆರಗಿನ ಅಂಚು, ಕಂಬದ ಮರೆಯ ಕಾಲುಂಗುರ, ಬಾಗಿಲ ಸಂದಿನ ದನಿ, ಇಷ್ಟನ್ನು ಬಿಟ್ಟು ಬೇರೇನೂ ನೋಡಿದವನಲ್ಲ. ಅವರ ಗದ್ದದ ಮೇಲೆ ಒಂದೇ ಒಂದು ಹಚ್ಚೆ ಚುಕ್ಕೆ ಇದೆ, ಸಣ್ಣವರಿದ್ದಾಗ ಮೊದಲ ಚುಕ್ಕೆ ಬಿದ್ದದ್ದೇ ಹಿತ್ತಲು ಹಾರಿ ಓಡಿದ್ದರು ಎಂಬುದನ್ನೂ ಸರೋಜಳ ಬಾಯಿಂದ ಕೇಳಿದ್ದೆ. ಅಂಥವರ ಕೈಯನ್ನು ಹಿಡಿಯುವುದು ಹೇಗೆ? ಅದಕ್ಕೂ ದಾರಿ ಹುಡುಕಿದರು. ನಡುಮನೆಯ ಬಾಗಿಲಿಗೆ ದಪ್ಪ ಜಮಖಾನೆಯ ಪರದೆ ಕಟ್ಟುವುದು, ಅತ್ತೆಯವರು ಅದರ ಹಿಂದೆ ಕೂತು ಆ ಬದಿಗೊಂದು ಈ ಬದಿಗೊಂದು ಕೈ ಹೊರಗೆ ಚಾಚುವುದು, ಅಳಿಯಂದಿರು ತಲೆತಗ್ಗಿಸಿ ಕೆಲಸ ಮಾಡುವುದು. ಸೂಜಿಗಳನ್ನು ಕುದಿಸಿ ತಂದೆವು. ಮಿಷನ್ನುಗಳನ್ನು ಗುರ್ ಎನಿಸಿ ನೋಡಿದೆವು. ಸ್ವಲ್ಪ ಹೊತ್ತು ಒಳಗೆ ಏನೋ ಗುಸುಗುಸು, ಬಳೆಗಳ ಸದ್ದು. ಆಮೇಲೆ ಮೊಣಕೈವರೆಗೂ ಅರಿಶಿನ ಬಳಿದುಕೊಂಡ, ಹಬ್ಬದ ಹಸಿರು ಬಳೆ ತೊಟ್ಟ ಎರಡು ಕೈಗಳು ಹೊರಗೆ ಬಂದವು. ಜಗಲಿಯ ಮಂದಿ ಉಸಿರು ಹಿಡಿದು ಕೂತರು.

ನನ್ನ ಪಾಲಿಗೆ ಬಂದ ಕೈಯನ್ನು ಹಾಲಿನ ಪಾತ್ರೆ ಹಿಡಿಯುವಷ್ಟು ನಾಜೂಕಾಗಿ ಹಿಡಿದೆ. ಮಣಿಕಟ್ಟಿನ ಹತ್ತಿರ ಒಂದು ಸುಟ್ಟ ಕಲೆ ಕಂಡಿತು. ಸರೋಜಳಿಗೂ ಅಲ್ಲೇ ಇದೆ. ತಾಯಿಯ ಹಾಗೆ ಮಗಳು, ಸುಟ್ಟುಕೊಳ್ಳುವುದೂ ಒಂದೇ ಜಾಗದಲ್ಲಿ ಎಂದುಕೊಂಡು ಗೌರವದಿಂದ ಕಣ್ಣು ಬೇರೆ ಕಡೆ ತಿರುಗಿಸಿದೆ. ಸೂಜಿ ಚರ್ಮಕ್ಕೆ ತಾಗಿತು. ಕೈ ಅಲುಗಲಿಲ್ಲ. ಆಹಾ, ಎಂಥ ಹೆಂಗಸು ಎಂದು ನನಗೆ ರೋಮಾಂಚನವಾಯಿತು. ಗೆಲ್ಲಬೇಕಾದರೆ ಮಾತಿನಲ್ಲಿ ನೋವು ಮರೆಸಬೇಕಲ್ಲ, ಪರದೆಗೆ ಬಾಯಿಟ್ಟು ಮೆಲ್ಲಗೆ ಶುರುಮಾಡಿದೆ. “ಅತ್ತೆಯೋರೆ, ನಿಮ್ಮ ಮಗಳಿಗೆ ನಮ್ಮನೇಲಿ ಯಾವ ಕಮ್ಮಿನೂ ಮಾಡಿಲ್ಲ. ಬೆಳಗ್ಗೆ ನಾನೇ ಎದ್ದು ಬಚ್ಚಲೊಲೆಗೆ ಉರಿ ಹಾಕೋದು.” ಬೆರಳುಗಳು ಮುಷ್ಟಿಯಾದವು. ನೋವಿರಬೇಕೆಂದು ಸೂಜಿ ಇನ್ನಷ್ಟು ಹಗುರ ಮಾಡಿದೆ. “ಇವತ್ತಿನವರೆಗೆ ಅವಳಿಗೆ ಒಂದು ಎದುರುಮಾತು ಆಡಿಲ್ಲ ನೋಡಿ.” ಆ ಕೈ ತಿರುಗಿ ನನ್ನ ಬೆರಳಿಗೆ ಉಗುರು ಒತ್ತಿತು. ಪಕ್ಕದಲ್ಲಿ ರುದ್ರೇಶ ತುಟಿ ಕಚ್ಚಿಕೊಂಡು, ಭುಜ ಕುಣಿಸುತ್ತ, ಎಲೆಯ ಗೆರೆ ಎಲ್ಲೆಲ್ಲೋ ಎಳೆಯುತ್ತಿದ್ದ. ಹೆದರಿ ನಡುಗುತ್ತಿದ್ದಾನೆ, ಗೆದ್ದೆ ಎಂದು ನನಗೆ ಹುರುಪು ಬಂತು. ಕೊನೆಯ ಬಾಣ ಬಿಟ್ಟೆ. “ಅಡಿಗೆ ಒಂದು ಮಾತ್ರ ಅವಳಿಗೆ ನಿಮ್ಮ ಕೈರುಚಿ ಬರಲಿಲ್ಲ ಅತ್ತೆಯೋರೆ. ನಿಮ್ಮ ಸಾರಿನ ಮುಂದೆ ಅವಳ ಸಾರು ಬರೀ ಬಿಸಿನೀರು.” ಕೈ ಕಲ್ಲಿನಷ್ಟು ಬಿಗಿಯಾಯಿತು. ಆ ಬಿಗಿಯಲ್ಲಿ ಮೂರನೆಯ ಎಲೆ ಎಷ್ಟು ಸೊಗಸಾಗಿ ಬಂತೆಂದರೆ ಅದರ ನರನರವೂ ಕಾಣುತ್ತಿತ್ತು.

ಅಷ್ಟು ಹೊತ್ತಿಗೆ ನನ್ನ ಬೆನ್ನ ಹಿಂದಿನಿಂದ, ಅಂಗಳದ ಕಂಬದ ಮರೆಯಿಂದ, ಒಂದು ದನಿ ಬಂತು. “ಕಾಫಿ ಆರ್ತಾ ಐತೆ. ಕೈ ತೊಳ್ಕೊಳ್ಳಾಕೆ ಹೇಳ್ರಿ ಅಳಿಯಂದ್ರಿಗೆ.”

ಅದು ನಾನು ಇಷ್ಟು ವರ್ಷ ಬಾಗಿಲ ಸಂದಿನಿಂದ ಕೇಳಿದ್ದ ದನಿ. ದನಿ ಹಿಂದೆ ಇದೆ, ಕೈ ಮುಂದೆ ಇದೆ. ನಾನು ಕೈಯನ್ನೊಮ್ಮೆ ನೋಡಿದೆ, ಕಂಬವನ್ನೊಮ್ಮೆ ನೋಡಿದೆ. ಮಾವನವರು ಎದ್ದು ಬಂದು ಪರದೆ ಸರಿಸಿದರು. ಒಳಗೆ ಸರೋಜ ಒಂದು ಮಣೆಯ ಮೇಲೆ, ಮಂಗಳಾ ಒಂದು ಮಣೆಯ ಮೇಲೆ, ಒಬ್ಬೊಬ್ಬರು ಒಂದೊಂದು ಕೈ ಚಾಚಿ ಕೂತಿದ್ದರು. ಮಂಗಳಾ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದಳು. ಸರೋಜ ನಗುತ್ತಿರಲಿಲ್ಲ.

“ಮಿಷನ್ ಸದ್ದು ಕೇಳಿದ್ದೇ ಅಮ್ಮ ಹಿತ್ತಲ ಬಾಗಿಲಿಂದ ಓಡಿದ್ಲು” ಎಂದು ಮಂಗಳಾ ಹೇಳಿದಳು. “ಇಷ್ಟು ಜನ ಕೂತಾರೆ, ಅಪ್ಪನ ಮರ್ಯಾದಿ ಏನಾಗ್ಬೇಕು? ಅದಕ್ಕೇ ನಾವೇ ಒಂದೊಂದು ಕೈ ಕೊಟ್ವಿ.” ಜಗಲಿ ಗೊಳ್ಳೆಂದಿತು. ಯಾವ ಕೈಯೂ ಹಿಂದಕ್ಕೆ ಹೋಗಿರಲಿಲ್ಲವಾದ್ದರಿಂದ ಮಾವನವರು ಎಲೆಗಳನ್ನು ನೋಡಿಯೇ ತೀರ್ಪು ಹೇಳುವುದೆಂದಾಯಿತು. ನನ್ನದು ಈಗಷ್ಟೇ ಮರದಿಂದ ಕಿತ್ತಂತಿತ್ತು. ರುದ್ರೇಶನದು ಬಿಲ್ವವೋ ವೀಳ್ಯವೋ ಹೇಳಲು ಬರುತ್ತಿರಲಿಲ್ಲ. ನಾನು ಎದೆ ಸೆಟೆಸಿ ನಿಂತೆ. ಆಗ ಮಂಗಳಾ, “ಭಾವ, ಅಕ್ಕನ ಕೈ ಅಂತ ನಿಮಗೆ ಗೊತ್ತೇ ಆಗಲಿಲ್ವಾ?” ಎಂದಳು. ನಾನು ಅರಿಶಿನದ ಮೇಲೆ ತಪ್ಪು ಹೊರಿಸಿದೆ. ರುದ್ರೇಶ ಕಣ್ಣೊರೆಸಿಕೊಳ್ಳುತ್ತ, “ನಂಗೆ ಮುಟ್ಟಿದ ಕೂಡ್ಲೇ ಗೊತ್ತಾಯ್ತು ಮಾರಾಯ್ರೆ. ಮಾವನವರ ಮರ್ಯಾದೆ ಅಂತ ಸುಮ್ನಿದ್ದೆ. ಆದ್ರೆ ಅಣ್ಣಾರು ಮಾತಾಡಾಕೆ ಶುರುಮಾಡಿದ ಮೇಲೆ ನಗು ತಡೆಯೋದು ಕಷ್ಟ ಆಯ್ತು” ಎಂದ. ಮಾವನವರು ಮೀಸೆ ತಿರುವಿ, “ಹೆಂಡ್ತಿ ಕೈ ಗುರ್ತು ಸಿಗದೋರಿಗೆ ಊರ ಮಂದಿ ಕೈ ಕೊಡೋದು ಹೆಂಗೆ? ಶಿಕಾರಿಪುರದ್ದು ಎತ್ತಿಡ್ರಿ” ಎಂದರು. ಎಲೆಯ ನರಗಳ ಬಗ್ಗೆ ಯಾರೂ ಮತ್ತೆ ಮಾತೆತ್ತಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಸರೋಜ ಕಿಟಕಿಯ ಪಕ್ಕ ಕೂತು ಆ ಕೈಯನ್ನು ಮಡಿಲಲ್ಲಿ ಚಾಚಿಕೊಂಡಿದ್ದಳು. ಬಸ್ಸು ತೊಗರ್ಸಿ ದಾಟಿದ ಮೇಲೆ ನಾನೇ, “ಎಲೆ ಮಾತ್ರ ಚೆನ್ನಾಗಿ ಬಂದಿದೆ ಅಲ್ವಾ?” ಎಂದೆ.

“ಬರದೆ ಏನ್ರೀ? ಅಮ್ಮನ ಕೈ ಅಂತ ಹಾಕಿದ್ರಲ್ಲ” ಎಂದಳು. “ನನ್ನ ಕೈ ಅಂತ ಗೊತ್ತಿದ್ರೆ ಇಷ್ಟು ಹಗೂರಕ್ಕೆ ಹಿಡೀತಿದ್ರಾ?”

ಮನಸ್ಸಿಗೆ ನಿಜವಾಗಿ ಚುಚ್ಚಿತು. ಶಿಕಾರಿಪುರ ಬರುವವರೆಗೂ ಆ ಕೈಯನ್ನೇ ನೋಡುತ್ತ ಕೂತೆ. ಮಾರನೆಯ ಬೆಳಗ್ಗೆ ಬಚ್ಚಲಲ್ಲಿ ಹೊಗೆ ಕಾಣಲಿಲ್ಲ. ಸರೋಜ ಕಂಬಳಿ ಹೊದ್ದು ಮಲಗಿದ್ದಳು. “ದಿನಾ ಎದ್ದು ನೀವೇ ಉರಿ ಹಾಕ್ತೀರಂತಲ್ಲ, ಹಾಕ್ರಿ. ಸಾರೂ ನೀವೇ ಮಾಡಿ, ಬಿಸಿನೀರು ಕುಡಿದು ಸಾಕಾಗಿದೆ” ಎಂದು ಮಗ್ಗುಲು ತಿರುಗಿದಳು.

ಮಿಷನ್ನಿನ ಮೋಟರು ಒಂದು ಹಳೆಯ ಟೇಪ್‌ರೆಕಾರ್ಡರಿಗೆ ವಾಪಸ್ಸು ಹೋಯಿತು. ಉರಿ ಹಾಕುವುದು ಮಾತ್ರ ನನಗೆ ಖಾಯಮ್ಮಾಯಿತು. ಹಸಿ ಸೌದೆ ಊದುತ್ತಿದ್ದಾಗ ಒಮ್ಮೆ ಕೊಳ್ಳಿ ಜಾರಿ ಮಣಿಕಟ್ಟಿಗೆ ತಾಗಿತು. ಸರೋಜ ಎಣ್ಣೆ ಸವರುತ್ತ ತನ್ನ ಕೈಯನ್ನು ಪಕ್ಕಕ್ಕಿಟ್ಟು ನೋಡಿದಳು. ಕಲೆ ಅದೇ ಜಾಗದಲ್ಲಿತ್ತು. ಹಳೆಯ ಗಿರಾಕಿಗಳು ಯಾರಾದರೂ ಬಂದು, “ಹಚ್ಚೆ ಹಾಕ್ತಿದ್ದೋರು ನೀವು, ನಿಮ್ಮ ಮೈಮೇಲೆ ಒಂದಾದರೂ ಬ್ಯಾಡೇನ್ರಿ?” ಎಂದು ಕೇಳಿದರೆ ಈಗ ಅಲರ್ಜಿಯ ಮಾತು ಎತ್ತುವುದಿಲ್ಲ. ಅಂಗಿಯ ತೋಳು ಮೇಲಕ್ಕೆ ಸರಿಸಿ ಆ ಕಲೆಯನ್ನು ತೋರಿಸುತ್ತೇನೆ.